ಪಾಕವೇದಿಕಾ ಶಿಲಾನಿರ್ಣಯ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿರೂಪಿಸದೆ ಮುಂದಕ್ಕೆ ಹೆಜ್ಜೆಯಿಡಕೂಡದೆಂಬುದು ಪೂರ್ವಸೂರಿಗಳ ಕಟ್ಟಪ್ಪಣೆಯಾದುದರಿಂದ ನಾವೂ ಆ ವಿಧಿಗೆ ತಲೆಬಾಗುತ್ತೇವೆ. ಕಲಬುರಗಿಯಂಥ ಬಿಸಿಲನಾಡಿನಲ್ಲಿ ಮನೆ ಕಟ್ಟಿಸತಕ್ಕ ಗೃಹಸ್ಥನು ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲನ್ನು ಹಾಸತಕ್ಕದ್ದು ಎಂಬುದು ಇಲ್ಲಿನ ವಿಷಯ; ಪ್ರಯೋಜನವೆಂದರೆ ಗೃಹಶಾಂತಿ; ಸಂಬಂಧವೆಂದರೆ ಕಲ್ಲಿಗೂ ಆ ಶಾಂತಿಗೂ ಇರುವ ನಿತ್ಯಸಂಬಂಧ, ಇದನ್ನು ಅಲ್ಲಗಳೆಯುವವರು ಇನ್ನೂ ಮನೆ ಕಟ್ಟಿಸಿಲ್ಲವೆಂದೇ ಊಹಿಸತಕ್ಕದ್ದು. ಅಧಿಕಾರಿಯ ವಿಚಾರದಲ್ಲಿ ಮಾತ್ರ ಕೊಂಚ ತೊಡಕುಂಟು. ಕಟ್ಟೆಯ ಮುಂದೆ ಪ್ರತಿದಿನ ಗಂಟೆಗಟ್ಟಲೆ ನಿಲ್ಲತಕ್ಕವರು ಒಬ್ಬರು. ಕಲ್ಲಿನ ಅಂಗಡಿಯಲ್ಲಿ, ಸಾಲಾಗಿ ಒರಗಿಸಿಟ್ಟ ಹಲಗೆಗಳ ನಡುವೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ಸಂಚರಿಸತಕ್ಕವರು ಮತ್ತೊಬ್ಬರು. ಶಾಸ್ತ್ರಗಳನ್ನು ಬರೆಯತಕ್ಕವರು ಬಹುಮಟ್ಟಿಗೆ ಎರಡನೆಯ ವರ್ಗದವರು; ಪ್ರಕೃತ ಗ್ರಂಥಕಾರನೂ ಆ ಸತ್ಸಂಪ್ರದಾಯವನ್ನು ಮುರಿದಿಲ್ಲ.

ಪ್ರಾಚೀನರನ್ನು ವಿಚಾರಿಸೋಣವೆಂದರೆ ಅವರಿಂದ ಒದಗುವ ನೆರವು ಅಲ್ಪ. ಕಲಬುರಗಿಯಿಂದ ಬಹಳ ದೂರವಲ್ಲದ ಕಲ್ಯಾಣದಲ್ಲಿ ಕುಳಿತು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ ಮೂರನೆಯ ಸೋಮೇಶ್ವರನು ಅನ್ನಭೋಗದ ಪ್ರಕರಣದಲ್ಲಿ ಭಕ್ಷ್ಯಭೋಜ್ಯಗಳ ಕುರಿತು ಸವಿಸ್ತರವಾಗಿ ಹೇಳಿದ್ದಾನೆ, ನಮ್ಮ ಮೂರನೆಯ ಮಂಗರಸನು ಪಾಕವಿದ್ಯೆಗೆಂದೇ ‘ಸೂಪಶಾಸ್ತ್ರ’ವನ್ನು ಬರೆದನು. ಆದರೆ ಆ ಕಾಲಕ್ಕೆ ಒಲೆಯು ನೆಲದ ಮೇಲೆ ಇದ್ದುದರಿಂದ ಮೊಳಕಾಲಿನ ವೇದನೆಯು ಅವರ ಕಾಲದ ಅಡುಗೆಯವರನ್ನು ಕಾಡಿರಬಹುದಲ್ಲದೆ ಕಟ್ಟೆಯ ಕಲ್ಲಿನ ಚಿಂತೆಯು ಕಾಡಿರಲಾರದು. ಅನಿಲದ ಸಿಲಿಂಡರು ಮಧ್ಯಮವರ್ಗದ ಮನೆಗಳಿಗೆ ಪ್ರವೇಶಿಸಿದ ಮೇಲೆ, ಶತಮಾನಗಳಿಂದ ಕುಕ್ಕರಗಾಲಿನಲ್ಲಿ ಕುಳಿತು ಅಡುಗೆ ಮಾಡುತ್ತಿದ್ದ ಒಂದು ನಾಗರಿಕತೆಯು ಮೆಲ್ಲನೆ ಎದ್ದು ನಿಂತಿತು. ನಿಂತವರ ಮುಂದೆ 32 ಅಂಗುಲವೋ 34 ಅಂಗುಲವೋ ಎತ್ತರದ ಕಟ್ಟೆಯೊಂದು ಮೇಲೆದ್ದಿತು. ಅದರ ಬೆನ್ನಿಗೇ ನಮ್ಮ ಪ್ರಶ್ನೆಯೂ ಹುಟ್ಟಿತು.

ಈ ಪ್ರಶ್ನೆಗೆ ಬಿಸಿಲನಾಡಿನಲ್ಲಿ ಪ್ರಚಲಿತವಾದ ಪೂರ್ವಪಕ್ಷವನ್ನು ನಾವು ಶೈತ್ಯವಾದವೆಂದು ಕರೆಯುತ್ತೇವೆ. ಬೇಸಗೆ ಕಠಿಣ, ಆದುದರಿಂದ ಕಟ್ಟೆ ತಂಪಾಗಿರಬೇಕು, ಆದುದರಿಂದ ತಂಪು ಕಲ್ಲನ್ನೇ ಹುಡುಕಬೇಕು ಎಂಬುದು ಅದರ ಸಾರ. ಈ ದರ್ಶನದ ಆಚಾರ್ಯರು ಇಬ್ಬರು. ಮೊದಲನೆಯವನು ಗೌಂಡಿ. ಅವನು ಸುತ್ತಿಗೆಯನ್ನು ಕೆಳಗಿಟ್ಟು, “ಫರಸಿ ಹಾಕ್ರಿ ಸರ, ಬ್ಯಾಸಿಗ್ಯಾಗ ತಂಪ ಇರ್ತದ” ಎಂದು ಸೂತ್ರಪ್ರಾಯವಾಗಿ ನುಡಿಯುತ್ತಾನೆ. ಎರಡನೆಯವರು ಅಂಗಡಿಯ ಸಾಹುಕಾರರು. ನುಣ್ಣನೆಯ ಕರಿಯ ಹಲಗೆಯೊಂದರ ಮೇಲಿನ ಧೂಳನ್ನು ಹೆಗಲಿನ ವಸ್ತ್ರದಿಂದ ಒರೆಸಿ, ಗಿರಾಕಿಯ ಅಂಗೈಯನ್ನು ತಾವೇ ಹಿಡಿದು ಅದರ ಮೇಲಿರಿಸಿ, “ನೋಡ್ರಿ ಸಾಹೇಬ್ರ, ಎಷ್ಟ್ ಥಂಡ ಅದ!” ಎಂದು ಅವರು ಭಾಷ್ಯ ಬರೆಯುತ್ತಾರೆ. ಪ್ರತ್ಯಕ್ಷಪ್ರಮಾಣವನ್ನು ಇಷ್ಟು ಅಕ್ಷರಶಃ ಗಿರಾಕಿಯ ಕೈಗೆ ಕೊಡುವ ದಾರ್ಶನಿಕರು ನಮ್ಮ ಮಠಗಳಲ್ಲಿಯೂ ವಿರಳ.

ಇದಕ್ಕೆ ಸಮಾಧಾನ. ಅಂಗಡಿಯ ನೆರಳಿನಲ್ಲಿರುವ ಕಲ್ಲೂ ಅದರ ಪಕ್ಕದಲ್ಲಿರುವ ಮರದ ಬೆಂಚೂ ಒಂದೇ ಉಷ್ಣಾಂಶದಲ್ಲಿರುತ್ತವೆ. ಉಷ್ಣಮಾಪಕವನ್ನು ತಗಲಿಸಿ ನೋಡಿದರೆ ಎರಡಕ್ಕೂ ಒಂದೇ ಅಂಕ. ಕಲ್ಲು ತಂಪೆಂದು ತೋರುವುದು ಅದರಲ್ಲಿ ಶೈತ್ಯವು ಮನೆಮಾಡಿರುವುದರಿಂದಲ್ಲ. ಮರಕ್ಕಿಂತ ಹದಿನೈದಿಪ್ಪತ್ತು ಪಟ್ಟು ಮಿಗಿಲಾದ ವಾಹಕಶಕ್ತಿಯಿಂದ ನಮ್ಮ ಅಂಗೈಯ ಬಿಸಿಯನ್ನು ಅದು ಬೇಗಬೇಗ ಕಸಿದುಕೊಳ್ಳುವುದರಿಂದ. ಚರ್ಮದ ಮೇಲ್ಮೈಯ ಉಷ್ಣಾಂಶ ಸುಮಾರು 33 ಡಿಗ್ರಿ. ಕಲ್ಲು ಅದಕ್ಕಿಂತ ಕೆಳಗಿರುವವರೆಗೆ ಮಾತ್ರ ಈ ಕಸಿಯುವ ವ್ಯಾಪಾರ ನಡೆದೀತು. ಹೊರಗೆ 42 ಡಿಗ್ರಿಯೇರಿ, ಅಡುಗೆಮನೆಯ ಒಳಗೆ 38ನ್ನು ಮುಟ್ಟುವ ವೈಶಾಖದ ಅಪರಾಹ್ಣದಲ್ಲಿ ವ್ಯಾಪಾರವು ತಿರುವುಮುರುವಾಗುತ್ತದೆ: ಯಾವ ಕಲ್ಲು ಮಾಗಿಯಲ್ಲಿ ಅತ್ಯಂತ ತಣ್ಣಗೆ ತೋರಿತೋ ಅದೇ ಕಲ್ಲು ಈಗ ಅಷ್ಟೇ ತ್ವರೆಯಿಂದ ತನ್ನ ಬಿಸಿಯನ್ನು ಅಂಗೈಗೆ ದಾಟಿಸುತ್ತದೆ, ಬಡ ಮರದ ಬೆಂಚು ಮಾತ್ರ ತನ್ನ ಪಾಡಿಗೆ ತಾನಿರುತ್ತದೆ. ಶೈತ್ಯವಾದಿಗಳು ಗಿರಾಕಿಗಳನ್ನು ಬೆಳಗಿನ ಹೊತ್ತು ಬರಹೇಳುವುದರ ರಹಸ್ಯವನ್ನು ಇಲ್ಲಿ ಹುಡುಕಬಹುದು.

ಸಿದ್ಧಾಂತವನ್ನು ಇನ್ನಷ್ಟು ದೃಢಪಡಿಸಲು ಗಣಿತವನ್ನು ಆಶ್ರಯಿಸೋಣ. ಹತ್ತು ಅಡಿ ಉದ್ದ, ಎರಡು ಅಡಿ ಅಗಲ, 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಹಲಗೆಯು ಸುಮಾರು ನೂರು ಕಿಲೋ ತೂಗುತ್ತದೆ. ಅದು ಬೆಳಗಿನಿಂದ ಸಂಜೆಯವರೆಗೆ ಹತ್ತು ಡಿಗ್ರಿ ಕಾದಿತೆಂದು ಇಟ್ಟುಕೊಂಡರೆ, ಅದರ ಒಡಲಲ್ಲಿ ಸೇರಿದ ಉಷ್ಣವು ಸುಮಾರು 800 ಕಿಲೋಜೂಲ್. ಎಂದರೆ ಎರಡೂವರೆ ಲೀಟರ್ ನೀರನ್ನು ಕುದಿಸಿ, ನೆಂಟರಿಷ್ಟರಿಗೆಲ್ಲ ಚಹಾ ಕೊಡಲು ಸಾಲುವಷ್ಟು. ಸಂಜೆಯ ಚಹಾವನ್ನು ಕಟ್ಟೆಯ ಮೇಲೆಯೇ ಏಕೆ ಕಾಸಿಕೊಳ್ಳಬಾರದೆಂದು ಮಿತವ್ಯಯಿಗಳಾದ ಕೆಲವರು ಕೇಳಬಹುದು. ಕಡಮೆ ಬಿಸಿಯ ವಸ್ತುವಿನಿಂದ ಹೆಚ್ಚು ಬಿಸಿಯ ವಸ್ತುವಿಗೆ ಉಷ್ಣವು ತಾನಾಗಿ ಹರಿಯದೆಂಬ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವು ಇದಕ್ಕೆ ಅಡ್ಡಬರುತ್ತದೆ. ಪ್ರಕೃತಕ್ಕೆ ಮುಖ್ಯವಾದುದು ಬೇರೊಂದು. ಎರಡು ಕಿಲೋವಾಟ್ ಶಕ್ತಿಯ ಒಂದು ಗ್ಯಾಸ್ ಒಲೆಯು ಇದೇ 800 ಕಿಲೋಜೂಲನ್ನು ಏಳು ನಿಮಿಷ ತುಂಬುವುದರೊಳಗೆ ಉಗುಳಿಬಿಡುತ್ತದೆ. ಕಲ್ಲು ಹಗಲೆಲ್ಲ ತಪಸ್ಸು ಮಾಡಿ ಸಂಪಾದಿಸಿದ ತಾಪವು, ಒಂದು ಕುಕ್ಕರಿನ ಎರಡು ಸೀಟಿಗೆ ಸಮಾನ! ಆದುದರಿಂದ ಅಡುಗೆಮನೆಯನ್ನು ತಂಪುಗೊಳಿಸುವ ಕಾರ್ಯಕ್ಕೆ ಕಟ್ಟೆಯನ್ನು ನೇಮಿಸುವುದು ನ್ಯಾಯವಲ್ಲ. ಆ ಹುದ್ದೆಗೆ ಬೇಕಾದ ಯೋಗ್ಯತೆ ಯಾವ ಕಲ್ಲಿಗೂ ಇಲ್ಲ.

ಶೈತ್ಯವು ಹೀಗೆ ಖಂಡಿತವಾದ ಮೇಲೆ ಉಳಿಯುವುದು ಆಮ್ಲ, ಅರಿಸಿನ, ಅಗ್ನಿ ಎಂಬ ತ್ರಿವಿಧ ಪರೀಕ್ಷೆ.

ಆಮ್ಲಪರೀಕ್ಷೆಯಲ್ಲಿ ಮೊದಲು ಬೀಳುವುದು, ದುಃಖದ ಸಂಗತಿಯೆಂದರೆ, ನಮ್ಮ ಊರಿನ ಕಲ್ಲೇ. ಶಹಾಬಾದಿನ ಫರಸಿಯು ಭೀಮಾ ಕೊಳ್ಳದ ಪ್ರಾಚೀನ ಸಮುದ್ರತಳದಲ್ಲಿ ಪದರಪದರವಾಗಿ ಕೂತ ಸುಣ್ಣಕಲ್ಲು. ನೆಲಕ್ಕೆ ಹಾಸಿದರೆ ಅದಕ್ಕೆ ಸಾಟಿಯಿಲ್ಲ, ಸುಟ್ಟು ಅರೆದರೆ ಸಿಮೆಂಟು, ಗೋಡೆಯೊಳಗೆ ಹುಗಿದರೆ ಪಾತ್ರೆಯಿಡುವ ಮಾಡು. ಆದರೆ ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಹುಳಿಯನ್ನು ಕಂಡರೆ ಅದು ಕರಗುತ್ತದೆ. ನಿಂಬೆಯ ಹೋಳನ್ನು ಕಟ್ಟೆಯ ಮೇಲೆ ಬೋರಲಾಗಿಟ್ಟು ಮರೆತು, ಸ್ವಲ್ಪ ಹೊತ್ತಿನ ಮೇಲೆ ಎತ್ತಿ ನೋಡಿದರೆ, ಹೋಳಿನ ಅಳತೆಗೆ ಸರಿಯಾಗಿ ಮಂಕಾದ ಒಂದು ಚಂದ್ರಮಂಡಲವು ಅಲ್ಲಿ ಮೂಡಿರುತ್ತದೆ. ತೊಳೆದರೆ ಹೋಗದು, ಏಕೆಂದರೆ ಅದು ಹತ್ತಿದ ಕಲೆಯಲ್ಲ, ಹೋದ ಕಲ್ಲು. ಹುಣಸೆಯ ರಸ, ಹುಳಿಮಜ್ಜಿಗೆ, ಟೊಮೆಟೊ ಎಲ್ಲವೂ ತಮ್ಮ ತಮ್ಮ ಯೋಗ್ಯತೆಗನುಸಾರವಾಗಿ ಇದೇ ಕೆಲಸ ಮಾಡುತ್ತವೆ. ಕರಿಯ ಕಡಪಾ ಕಲ್ಲೂ ಸುಣ್ಣಕಲ್ಲಿನ ಬಂಧುವೇ. ಎಣ್ಣೆ ತಿಕ್ಕಿ ಮಿಂಚಿಸಿದ ಮಾತ್ರಕ್ಕೆ ಅದರ ಕುಲ ಬದಲಾಗದು. ತಾಜಮಹಲಿಗೆ ಒದಗಿದ ಮಕ್ರಾನದ ಅಮೃತಶಿಲೆಯದೂ ಇದೇ ಗೋತ್ರ. ಷಹಜಹಾನನ ಆ ಕಟ್ಟಡವು ಬೆಳ್ಳಗೆ ಉಳಿದಿರುವುದಕ್ಕೆ ಅಲ್ಲಿ ಯಾರೂ ಸಾರಿಗೆ ಹುಣಸೆಹಣ್ಣು ಕಿವಿಚದಿರುವುದೂ ಒಂದು ಕಾರಣವೆಂದು ನಮ್ಮ ನಮ್ರ ಅಭಿಪ್ರಾಯ.

ಬಳಪದ ಕಲ್ಲಿನ ವಾದವನ್ನು ಇಲ್ಲಿ ಎತ್ತದಿದ್ದರೆ ಇತಿಹಾಸಜ್ಞರು ಮುನಿದಾರು. ಹೊಯ್ಸಳರ ರೂವಾರಿಗಳಿಗೆ ಪ್ರಿಯವಾಗಿದ್ದ ಈ ಶಿಲೆಯ ಬಳಗಕ್ಕೆ ಹುಳಿಯ ಭಯವಿಲ್ಲ, ಬೆಂಕಿಯ ಭಯವಿಲ್ಲ. ಮಲೆನಾಡಿನ ಅಜ್ಜಿಯರು ಉಪ್ಪಿನಕಾಯಿಯನ್ನು ಕಲ್ಮರಿಗೆಯಲ್ಲಿ ಹಾಕಿಡುತ್ತಿದ್ದುದೇ ಅದಕ್ಕೆ ಸಾಕ್ಷಿ. ರಸಾಯನಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಮೇಲಾದ ಕಟ್ಟೆಯಿಲ್ಲ. ಆದರೆ 1812ರಲ್ಲಿ ಫ್ರೀಡ್ರಿಖ್ ಮೋಸ್ ಎಂಬ ಜರ್ಮನ್ ಪಂಡಿತನು ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಶ್ರೇಣಿ ಕಟ್ಟಿದಾಗ, ಬಳಪಕ್ಕೆ ಮೃದುತ್ವ ಕೊಟ್ಟ ಟಾಲ್ಕ್ ಖನಿಜವನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದನು. ಉಗುರು ತಗಲಿದರೂ ಅದಕ್ಕೆ ಗೀರು ಬೀಳುತ್ತದೆ. ಶಿಲಾಬಾಲಿಕೆಯನ್ನು ಕಡೆಯಲು ಒದಗಿದ ಗುಣವೇ ಕಾಯಿ ಹೆಚ್ಚುವ ಚಾಕುವಿಗೂ ಒದಗುವುದರಿಂದ, ಹತ್ತು ವರ್ಷ ಅಡುಗೆ ನಡೆದ ಮೇಲೆ ಆ ಕಟ್ಟೆಯನ್ನು ಪುರಾತತ್ತ್ವ ಇಲಾಖೆಗೆ ಒಪ್ಪಿಸಬೇಕಾದೀತು.

ಅರಿಸಿನ ಮತ್ತು ಅಗ್ನಿಯ ಪರೀಕ್ಷೆಗಳಲ್ಲಿ ಎಡವುವುದು ಕ್ವಾರ್ಟ್ಜ್ ಎಂಬ ಹೆಸರಿನಿಂದ ಮಾರುವ ಕೃತಕಶಿಲೆ. ಇಟಲಿಯಲ್ಲಿ ಹುಟ್ಟಿದ ವಿಧಾನವೊಂದರಿಂದ, ಸ್ಫಟಿಕದ ಪುಡಿ ನೂರಕ್ಕೆ ತೊಂಬತ್ತರಷ್ಟಕ್ಕೆ ಉಳಿದಷ್ಟು ರಾಳವನ್ನು ಬೆರೆಸಿ ಒತ್ತಿ ಇದನ್ನು ತಯಾರಿಸುತ್ತಾರೆ. ಗಡಸುತನವೆಲ್ಲ ಸ್ಫಟಿಕದ್ದು, ದೌರ್ಬಲ್ಯವೆಲ್ಲ ರಾಳದ್ದು. ಬಜ್ಜಿಯ ಎಣ್ಣೆ 180 ಡಿಗ್ರಿ ಕಾದಿರುತ್ತದೆ. ರಾಳವು 150ರ ಆಸುಪಾಸಿನಲ್ಲಿಯೇ ಬಣ್ಣಗೆಡಲು ಆರಂಭಿಸುತ್ತದೆ. ಆದುದರಿಂದ ಅವಸರದಲ್ಲಿ ಇಳಿಸಿದ ಬಾಣಲೆಯು ತನ್ನ ತಳದ ಮುದ್ರೆಯನ್ನು ಅಲ್ಲಿ ಶಾಶ್ವತವಾಗಿ ಒತ್ತಬಲ್ಲದು. ಕಿಟಕಿಯ ಬಿಸಿಲಿನಿಂದಲೂ ಬಿಳಿಯ ಹಲಗೆಯು ಕ್ರಮೇಣ ಹಳದಿಗಿಳಿಯುತ್ತದೆ. ಬಿಳಿಯ ಮೇಲೆ ಅರಿಸಿನದ ಕೈ ಬಿದ್ದರಂತೂ ಮನೆಯಲ್ಲಿ ಮದುವೆಯೋ ಎಂದು ಬಂದವರು ಕೇಳುತ್ತಾರೆ. ವಿಚಿತ್ರವೇನೆಂದರೆ ಅರಿಸಿನದ ಬಣ್ಣವು ಬಿಸಿಲಿಗೆ ಮಾಸುತ್ತದೆ, ರಾಳದ ಬಣ್ಣವು ಬಿಸಿಲಿಗೆ ಏರುತ್ತದೆ. ಯಾವ ಹಳದಿ ಯಾವುದರದೆಂದು ನಿರ್ಣಯಿಸಲು ಪ್ರತ್ಯೇಕ ಗ್ರಂಥವೇ ಬೇಕು.

ಈ ಕಲ್ಲಿನ ವಿಷಯದಲ್ಲಿ ಪರಿಹಾಸವನ್ನು ಬದಿಗಿಟ್ಟು ಹೇಳಬೇಕಾದ ಮಾತೊಂದಿದೆ. ಇದನ್ನು ಒಣಗಿದ ಸ್ಥಿತಿಯಲ್ಲಿ ಕೊಯ್ದಾಗ ಏಳುವ ಸೂಕ್ಷ್ಮಧೂಳು ಕೆಲಸಗಾರರ ಶ್ವಾಸಕೋಶವನ್ನು ಸಿಲಿಕೋಸಿಸ್ ಎಂಬ, ಗುಣವಾಗದ ವ್ಯಾಧಿಗೆ ಈಡುಮಾಡುತ್ತದೆ. ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಈ ಕಾರಣಕ್ಕಾಗಿಯೇ ಕೃತಕಶಿಲೆಯ ಹಲಗೆಗಳನ್ನು ನಿಷೇಧಿಸಿದೆ. ಗ್ರಾನೈಟಿನಲ್ಲಿ ಸ್ಫಟಿಕದ ಅಂಶ ಇದಕ್ಕಿಂತ ಕಡಮೆಯಾದರೂ ಅದೂ ನಿರಪಾಯವಲ್ಲ. ಯಾವ ಕಲ್ಲನ್ನೇ ಕೊಳ್ಳಿ, ಸಿಂಕಿನ ಕಿಂಡಿಯನ್ನು ಕೊಯ್ಯುವಾಗ ಅಲಗಿನ ಮೇಲೆ ನೀರು ಬಿಡಿಸಿರಿ. ಕೊಯ್ಯುವವನ ಮೂಗಿಗೆ ಬರಿಯ ಕರವಸ್ತ್ರ ಸಾಲದು.

ಇತರ ಮತಗಳನ್ನು ಸಂಕ್ಷೇಪವಾಗಿ ನಿರಾಕರಿಸಬಹುದು. ಕೋರಿಯನ್ ಮೊದಲಾದ ಹೆಸರುಗಳಿಂದ ಮಾರುವ ಅಕ್ರಿಲಿಕ್ ಹಲಗೆಗಳು ಬಿಸಿ ತವೆಯನ್ನು ಸಹಿಸವು. ಮರವು ಮಳೆಗಾಲದಲ್ಲಿ ಉಬ್ಬುತ್ತದೆ, ಗೆದ್ದಲಿಗೆ ಆಮಂತ್ರಣ ಕಳಿಸುತ್ತದೆ. ತುಕ್ಕುಹಿಡಿಯದ ಉಕ್ಕು ಹೋಟೆಲಿಗೆ ಯೋಗ್ಯ. ಮನೆಯಲ್ಲಿ ಅದರ ಮೇಲೆ ಜೋಳದ ರೊಟ್ಟಿ ಬಡಿಯತೊಡಗಿದರೆ ಪಕ್ಕದ ಓಣಿಯವರು ಯಾವ ದೇವರ ಉತ್ಸವ ಹೊರಟಿತೆಂದು ಬಾಗಿಲಿಗೆ ಬಂದಾರು.

ಉಳಿದದ್ದು ಗ್ರಾನೈಟು. ಭೂಗರ್ಭದಲ್ಲಿ ನಿಧಾನವಾಗಿ ಆರಿ ಗಟ್ಟಿಯಾದ ಈ ಶಿಲೆಯು, ಮೋಸ್ ಪಂಡಿತನ ಶ್ರೇಣಿಯಲ್ಲಿ ಆರೇಳನೆಯ ಮೆಟ್ಟಿಲಿನದು; ರಾಮನಗರದ ಬಂಡೆಗಳಾದ ಕ್ಲೋಸ್‌ಪೇಟ್ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅಷ್ಟು ಕಾಲ ಬಾಳಿದ ವಸ್ತುವಿಗೆ ಅಂಗಡಿಯವರು ಹತ್ತು ವರ್ಷದ ಗ್ಯಾರಂಟಿ ಕೊಡಲು ಹಿಂಜರಿಯುವುದೇಕೆಂದು ನಮಗೆ ತಿಳಿಯದು. ನಿಂಬೆಗೆ ಇದು ಜಗ್ಗದು, ಬಾಣಲೆಗೆ ಬಗ್ಗದು. ಕರಿಯ ಗ್ರಾನೈಟನ್ನು ಕೆಲವು ವಾಸ್ತುಜ್ಞರು ಆಗ್ನೇಯ ಮೂಲೆಗೆ ವರ್ಜ್ಯವೆನ್ನುತ್ತಾರೆ. ಭೂವಿಜ್ಞಾನಿಗಳು, ಚಾಮರಾಜನಗರದ ಆ ಕರಿಕಲ್ಲು ಡೊಲೆರೈಟ್ ಎಂಬ ಬೇರೆಯೇ ಜಾತಿ ಎನ್ನುತ್ತಾರೆ. ಹೀಗೆ ಎರಡು ಶಾಸ್ತ್ರಗಳ ಬಹಿಷ್ಕಾರಕ್ಕೂ ಗುರಿಯಾಗಿಯೂ ಅದು ನಾಡಿನ ಅರ್ಧಕ್ಕರ್ಧ ಅಡುಗೆಮನೆಗಳಲ್ಲಿ ನಿಶ್ಚಿಂತೆಯಾಗಿ ಕುಳಿತಿದೆ. ನಮ್ಮ ಆಕ್ಷೇಪಣೆ ಬೇರೆ ತರದ್ದು. ಕರಿಯ ಬಣ್ಣವು ಕಿಟಕಿಯ ಬಿಸಿಲನ್ನು ಹೀರಿ ಬೇಗ ಕಾಯುತ್ತದೆ, ಜೋಳದ ಹಿಟ್ಟಿನ ಒಂದೊಂದು ಕಣವನ್ನೂ ಊರಿಗೆಲ್ಲ ಸಾರುತ್ತದೆ; ಸಾಲದುದಕ್ಕೆ, ಬೂದುಕಲ್ಲಿಗೆ ಬಣ್ಣ ಹಾಕಿ ಕರಿಯದೆಂದು ಮಾರುವ ರೂಢಿಯೂ ಉಂಟು. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಬಿಳಿಯ ಬಟ್ಟೆ ಅದ್ದಿ ಉಜ್ಜಿದರೆ ಬಟ್ಟೆಯೇ ನಿಜ ನುಡಿಯುತ್ತದೆ.

ಆದುದರಿಂದ ನಿರ್ಣಯ: ಇಳಕಲ್ಲಿನ ಕೆಂಪು ಛಾಯೆಯದೋ ಬೂದುಬಣ್ಣದ್ದೋ, ಒತ್ತಾಗಿ ಚುಕ್ಕೆಯಿರುವ ಗ್ರಾನೈಟು, ದಪ್ಪ 18ರಿಂದ 20 ಮಿಲಿಮೀಟರ್, ಅಂಚಿಗೆ ದುಂಡು ನೋಸಿಂಗ್, ಸಿಂಕು ಮತ್ತು ಒಲೆಯ ಕಿಂಡಿಗಳ ಮೂಲೆಗಳನ್ನು ಚೂಪಾಗಿಸದೆ ಬಾಗಿಸಿ ಕೊಯ್ಯಿಸತಕ್ಕದ್ದು, ಬಿರುಕು ಹುಟ್ಟುವುದು ಅಲ್ಲಿಯೇ. ತಿಳಿಬಣ್ಣದ್ದಾದರೆ ಎಣ್ಣೆಯ ಜಿಡ್ಡು ಇಳಿಯದಂತೆ ಸೀಲರ್ ಹಚ್ಚಿಸಬೇಕು. ಕ್ವಾರ್ಟ್ಜಿಗೂ ಇದಕ್ಕೂ ನಡುವೆ ಉಳಿಯುವ ಹಣವನ್ನು ಕೈಯಲ್ಲಿಟ್ಟುಕೊಂಡು ಒಲೆಯ ಮೇಲ್ಗಡೆ ಬಿಸಿಗಾಳಿ ಎಳೆಯುವ ಒಳ್ಳೆಯ ಫ್ಯಾನೊಂದನ್ನು ಕೂರಿಸಿರಿ, ಪಡುವಣ ಕಿಟಕಿಗೆ ಹೊರಗಿನಿಂದ ಲಾವಂಚದ ತಟ್ಟಿ ಕಟ್ಟಿಸಿ ಮಧ್ಯಾಹ್ನದ ಹೊತ್ತು ನೀರು ಚಿಮುಕಿಸಿರಿ. ಕಲಬುರಗಿಯ ಒಣಗಾಳಿಯಲ್ಲಿ ತಂಪು ಬರುವುದಿದ್ದರೆ ಆ ದಾರಿಯಿಂದಲೇ ಬರತಕ್ಕದ್ದು.