ಸಿಪ್ಪೆಗೆ ಬೆಂಕಿ ಇಡುವ ಸಾಹುಕಾರರಿಗೊಂದು ಅಭಿನಂದನಾ ಪತ್ರ

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ಸೀಮೆಯ ಸಮಸ್ತ ಅಡಿಕೆ ಸಾಹುಕಾರರ, ಖೇಣಿದಾರರ ಹಾಗೂ ಸುಲಿಯುವ ಮಿಷನ್ ಮಾಲೀಕರ ಸನ್ನಿಧಾನಕ್ಕೆ ರಸ್ತೆ ಪಕ್ಕದ ಖುಷ್ಕಿ ರೈತನೊಬ್ಬನ ನಮಸ್ಕಾರಗಳು.

ಈ ಸಲದ ಕೊಯ್ಲೂ ಸಾಂಗವಾಗಿ ನಡೆಯಿತೆಂದು ನಮ್ಮೂರಿಗೆ ಯಾರೂ ಬಂದು ಹೇಳಬೇಕಾಗಲಿಲ್ಲ. ರಸ್ತೆ ಬದಿಯ ಸಿಪ್ಪೆ ರಾಶಿಯ ಹೊಗೆಯೇ ಬಂದು ತಿಳಿಸಿತು. ಹಸಿ ಸಿಪ್ಪೆ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಕುಮುಲುತ್ತದೆ. ಮೇಲೆ ಬೂದಿಯ ತೆಳ್ಳನೆ ಹೊದಿಕೆ, ಕೋಲಿನಿಂದ ಕೆದಕಿದರೆ ಗೇಣುದ್ದ ಕೆಳಗೆ ಕೆಂಡ, ಅದರಡಿ ಇನ್ನೂ ಹಳದಿ ಮಾಸದ ಒದ್ದೆ ನಾರು. ಒಮ್ಮೆ ಹೊತ್ತಿಸಿದರೆ ದಿನಗಟ್ಟಲೆ ನಮ್ಮ ಸೇವೆಗೆ ಇರುತ್ತದೆ. ರಾತ್ರಿ ಬೈಕಿನವರು ಎದುರಿನ ಲಾರಿಯ ಹೆಡ್‌ಲೈಟನ್ನೇ ದೇವರೆಂದು ನಂಬಿ ದಾಟಬೇಕು. ‘ನಿಧಾನವಾಗಿ ಚಲಿಸಿ’ ಎಂಬ ಬೋರ್ಡಿಗೆ ಬಗ್ಗದ ನಮ್ಮ ಹುಡುಗರು ನಿಮ್ಮ ಹೊಗೆಗೆ ಬಗ್ಗಿದ್ದಾರೆ. ಇದಕ್ಕಾಗಿ ಮೊದಲ ಅಭಿನಂದನೆ.

ಎರಡನೆಯದು ನಿಮ್ಮ ಉದಾರ ಬುದ್ಧಿಗೆ. ಹಸಿ ಅಡಿಕೆ ಕ್ವಿಂಟಲಿಗೆ ಒಣಗಿದ್ದು ಹನ್ನೆರಡು ಕೆಜಿಯೋ ಹದಿಮೂರೋ ಎಂದು ಖೇಣಿ ಮಾತಾಡುವಾಗ ಅರ್ಧ ಕೆಜಿಗೆ ಅರ್ಧ ದಿನ ಪಟ್ಟು ಹಿಡಿಯುವವರು ನೀವು. ಅದೇ ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಪ್ಪೆ. ಅದರ ಲೆಕ್ಕ ಮಾತ್ರ ಯಾರನ್ನೂ ಕೇಳುವುದಿಲ್ಲ. ಸುಟ್ಟ ಮೇಲೆ ಇಂಗಾಲ, ಸಾರಜನಕ ಮುಗಿಲಿಗೆ ಹೋದವು. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಪಾಪ. ಅದನ್ನು ಮುಂದಿನ ಮಳೆ ರಸ್ತೆ ಚರಂಡಿಗೆ ದಾಟಿಸುತ್ತದೆ. ನಮ್ಮ ದೇಶ ಬಳಸುವ ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಹೊರಗಿನದು. ಕೆನಡಾ, ರಷ್ಯಾ ಕಡೆಯಿಂದ ಹಡಗು ಹತ್ತಿ, ರೈಲು ಹತ್ತಿ, ಲಾರಿ ಹತ್ತಿ ಬಂದು ಸೊಸೈಟಿ ಗೋದಾಮಿನಲ್ಲಿ ಇಳಿಯುತ್ತದೆ. ನೀವು ಆಧಾರ್ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತು ಕೊಳ್ಳುತ್ತೀರಿ. ಕೆನಡಾದವರಿಗೆ ಈ ಪತ್ರದ ಒಂದು ಪ್ರತಿ ಕಳಿಸಬೇಕು. ನಮ್ಮ ಚರಂಡಿಗೆ ಅವರು ಋಣಿಯಾಗಿರಬೇಕಾದವರು.

ನಮ್ಮ ಸೀಮೆಯ ಸಾಗಾಟದ ಜಾಣತನವನ್ನಂತೂ ಹೊಗಳಲೇಬೇಕು. ಗೊಲ್ಲರಹಟ್ಟಿಗಳ ಕುರಿಗೊಬ್ಬರ ಲೋಡುಗಟ್ಟಲೆ ಮಲೆನಾಡು ಹತ್ತಿ ಕಾಫಿ ತೋಟ ಸೇರುತ್ತದೆ. ಕೆರೆಯ ಗೋಡು ಟಿಪ್ಪರ್ ಏರಿ ನಿಮ್ಮ ಅಡಿಕೆ ಬುಡಕ್ಕೆ ಬರುತ್ತದೆ. ನಿಮ್ಮ ಅಡಿಕೆಯ ಸಿಪ್ಪೆ ಟ್ರ್ಯಾಕ್ಟರ್ ಏರಿ ರಸ್ತೆಗೆ ಬರುತ್ತದೆ. ಇರುವಲ್ಲೇ ಇರುವ ಗೊಬ್ಬರವೆಂದರೆ ನಮಗೇಕೋ ಸದರ. ಮನೆಗೊಬ್ಬ ತಿಪ್ಪೇಸ್ವಾಮಿ, ಓಣಿಗೊಬ್ಬಳು ತಿಪ್ಪಮ್ಮ ಇರುವ ಜಿಲ್ಲೆ ಇದು. ತಿಪ್ಪೆಯೊಂದನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ನರೇಗಾದಲ್ಲಿ ಕಟ್ಟಿಸಿಕೊಂಡ ಎರೆಹುಳು ತೊಟ್ಟಿ ಇದೆಯಲ್ಲ ಎನ್ನುತ್ತೀರಿ. ಇದೆ. ನಾನು ಇಣುಕಿದ ತೊಟ್ಟಿಯಲ್ಲಿ ಕಾವಿಗೆ ಕೂತ ಕೋಳಿಯಿತ್ತು, ಫೋಟೊ ತೆಗೆಯಲು ಬಂದವನೆಂದು ತಿಳಿದು ನನ್ನನ್ನು ಕುಕ್ಕಿತು.

‘ಸಿಪ್ಪೆ ಕೊಳೆಯಲ್ಲ ಕಣಯ್ಯ, ತೋಟಕ್ಕೆ ಹಾಕಿದರೆ ಗೆದ್ದಲು’ ಎಂದು ನೀವು ಗದರುವುದು ಗೊತ್ತಿದೆ. ಅರ್ಧ ನಿಜ. ಸಿಪ್ಪೆಯಲ್ಲಿ ಲಿಗ್ನಿನ್ ಜಾಸ್ತಿ, ಸಾರಜನಕ ಕಡಿಮೆ. ಹಸಿಹಸಿಯಾಗಿ ಬುಡಕ್ಕೆ ಸುರಿದರೆ ಅದನ್ನು ಕೊಳೆಸಲು ಬಂದ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಿತ್ತುಕೊಂಡು ಗಿಡವನ್ನು ಹಳದಿ ಮಾಡುತ್ತವೆ. ಆದ್ದರಿಂದ ಗುಂಡಿ ತೋಡಿ, ಸಿಪ್ಪೆಯ ಪದರದ ಮೇಲೆ ಸಗಣಿ ಬಗ್ಗಡ, ಮೇಲೆ ಗ್ಲಿರಿಸಿಡಿಯಾ ಸೊಪ್ಪು, ಮತ್ತೆ ಸಿಪ್ಪೆ, ಹೀಗೆ ತುಂಬಿ ಚೆನ್ನಾಗಿ ನೆನೆಸಿ ಮಣ್ಣು ಮೆತ್ತಬೇಕು. ಮಧ್ಯಪ್ರದೇಶದ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ರೂಪಿಸಿದ ಪದ್ಧತಿಯಲ್ಲಿ ಆಗಾಗ ರಾಶಿ ಮಗುಚಬೇಕು, ನೀರು ಹಾಕುತ್ತಿರಬೇಕು. ನಮ್ಮಲ್ಲಿ ಆಳೂ ಇಲ್ಲ, ನೀರೂ ಇಲ್ಲ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಹೇಳಿಕೊಟ್ಟ ‘ಬೆಂಗಳೂರು ಪದ್ಧತಿ’ ನಮ್ಮಂಥ ಸೋಮಾರಿ ಬರಗಾಲದವರಿಗೆಂದೇ ಮಾಡಿದಂತಿದೆ: ತುಂಬು, ಮುಚ್ಚು, ಮರೆತುಬಿಡು. ತೇವ ಒಳಗೇ ಉಳಿಯುತ್ತದೆ. ಸಾಮಾನ್ಯ ಕಸಕ್ಕೆ ಆರೆಂಟು ತಿಂಗಳು, ಹಟಮಾರಿ ಸಿಪ್ಪೆಗೆ ಇನ್ನಷ್ಟು ಬೇಕಾದೀತು. ಸೋಗೆ, ಹಾಳೆಯಾದರೆ ಕತ್ತರಿಸಿ ಸಗಣಿ ಸೇರಿಸಿ ಎರೆಹುಳಕ್ಕೆ ಹಾಕುವ ಕ್ರಮವನ್ನು ವಿಟ್ಲದ ಸಂಶೋಧನಾ ಕೇಂದ್ರದವರು ಎಂದೋ ತಿಳಿಸಿದ್ದಾರೆ. ವಿಟ್ಲ ದೂರವಾದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಡಿಕೆ ರೇಟು ಕೇಳಲು ಭೀಮಸಮುದ್ರಕ್ಕೆ ಹೋಗುವ ಗಾಡಿ ಅಲ್ಲಿಗೂ ಹೋಗುತ್ತದೆ.

‘ಅಷ್ಟು ದಿನ ಕಾಯೋರು ಯಾರು?’ ಸ್ವಾಮಿ, ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾದು ಕೊನೆಗೆ ಬಾಗಿನ ಬಿಟ್ಟ ಜನ, ಒಂದು ಗುಂಡಿಗೆ ಒಂದು ವರ್ಷ ಕಾಯಲಾರೆವೆಂದರೆ ಮಾರಿಕಣಿವೆಯ ನೀರು ನಗುತ್ತದೆ. ಬರಗಾಲದಲ್ಲಿ ಟ್ಯಾಂಕರ್ ನೀರು ಹೊಡೆಸಿ ತೆಂಗು, ಅಡಿಕೆ ಉಳಿಸಿಕೊಂಡವರೂ ನೀವೇ. ಹಾಗೆ ದುಡ್ಡು ಕೊಟ್ಟು ತಂದ ನೀರು ನಾಲ್ಕು ದಿನ ಬುಡದಲ್ಲಿ ನಿಲ್ಲಬೇಕಾದರೆ ಮಣ್ಣಿನಲ್ಲಿ ಅದನ್ನು ಹಿಡಿದಿಡುವಂಥದ್ದು ಏನಾದರೂ ಇರಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ನಿಮ್ಮ ಬೀರುವಿನಲ್ಲಿ ಹಳೇ ಲಗ್ನಪತ್ರಿಕೆಗಳ ಜೊತೆ ಕೂತಿರುತ್ತದೆ. ತೆಗೆದು ‘ಸಾವಯವ ಇಂಗಾಲ’ ಎಂಬ ಸಾಲು ನೋಡಿ. ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಬರೆದಿರುತ್ತಾರೆ. ಆ ಸಾಲಿನಲ್ಲಿ ಇರಬೇಕಾದದ್ದು ಸದ್ಯ ನಮ್ಮ ಮೂಗಿನಲ್ಲಿದೆ.

ಮೆಕ್ಕೆಜೋಳದ ದಂಟಿಗೆ ಕಡ್ಡಿ ಗೀರುವ ನಮ್ಮ ಖುಷ್ಕಿಯವರಿಗೆ ಬೇರೆ ಪತ್ರ ಬರೆಯುವೆ. ಅವರು ನೆಂಟರು, ಭಾಷೆ ಇಷ್ಟು ಸೌಮ್ಯವಾಗಿರಲಾರದು.

ಕೊನೆಗೊಂದು ವ್ಯವಹಾರದ ಮಾತು. ಮುಂದಿನ ಕೊಯ್ಲಿಗೆ ನಿಮ್ಮ ಸಿಪ್ಪೆಯನ್ನು ರಸ್ತೆಗೆ ಬದಲು ನನ್ನ ಹೊಲದ ಬದುವಿಗೆ ಸುರಿಸಿ. ಟ್ರ್ಯಾಕ್ಟರ್ ಬಾಡಿಗೆ ನನ್ನದು, ಡ್ರೈವರಿಗೆ ಟೀ, ಮಂಡಕ್ಕಿ, ಮೆಣಸಿನಕಾಯಿಯೂ ನನ್ನದೇ. ಬೆಂಕಿಪೊಟ್ಟಣ ಮಾತ್ರ ಮನೆಯಲ್ಲೇ ಬಿಟ್ಟು ಬರಲಿ.

ಇಂತಿ,
ನಿಮ್ಮ ಹೊಗೆಯ ಕಾಯಂ ಫಲಾನುಭವಿ

ತಾ.ಕ.: ಎರಡು ವರ್ಷ ಬಿಟ್ಟು ಗೊಬ್ಬರ ಕೇಳಿಕೊಂಡು ಬಂದರೆ ಬಾಡಿಗೆ ನಿಮ್ಮದು. ರೇಟು ಭೀಮಸಮುದ್ರದ ಪೇಟೆಯಂತೆ, ಬೆಳಿಗ್ಗೆ ಒಂದು, ಸಂಜೆ ಒಂದು.