ಹನ್ನೆರಡಡಿ ಅಗಲ, ನಾಲ್ಕಿಂಚು ಎತ್ತರ

"ನಿನ್ನೆ ಪುರಸಭೆ ಮೀಟಿಂಗಿಗೆ ಹೋಗಿದ್ಯಂತೆ? ಎಂತ ಇತ್ತೇ ಅಲ್ಲಿ?"

ದಾಸವಾಳದ ಬೇಲಿಯಾಚೆಯಿಂದ ಮೊದಲು ದನಿ ಬಂತು, ಆಮೇಲೆ ಹೂವಿನ ಬುಟ್ಟಿ, ಕೊನೆಗೆ ಪಕ್ಕದ ಮನೆ ಅಕ್ಕನ ಮುಖ. ಬೆಳಗಿನ ಏಳು ಗಂಟೆಗೆ ಅವರು ದೇವರಿಗೆ ಹೂ ಕೊಯ್ಯಲು ಬರುತ್ತಾರೆ, ನಾನು ಗಿಡಗಳಿಗೆ ನೀರು ಹಾಕಲು ಬರುತ್ತೇನೆ. ಇಪ್ಪತ್ತು ವರ್ಷದಿಂದ ನಮ್ಮ ಕಷ್ಟಸುಖ, ಹಪ್ಪಳದ ಹದ, ಮಕ್ಕಳ ಪರೀಕ್ಷೆ ಎಲ್ಲವೂ ಈ ಬೇಲಿಯ ಮೇಲೆಯೇ ಕೈ ಬದಲಾಗಿವೆ. ಪುರಸಭೆಯ ವಿಷಯ ಮಾತ್ರ ಯಾವತ್ತೂ ಬಂದಿರಲಿಲ್ಲ. ನಲ್ಲಿ ನೀರು ಬರದ ದಿನ ಬಿಟ್ಟರೆ.

"ಬಜೆಟ್ ಮಾಡೋಕೆ ಮೊದಲು ಊರಿನವ್ರನ್ನ ಕರೆದು ಕೇಳೋ ಸಭೆ ಅಕ್ಕ. ಕೇಳ್ಬೇಕು ಅಂತ 2006ರ ನಿಯಮದಲ್ಲೇ ಇದೆಯಂತೆ."

"ನಮ್ಮನ್ನ ಕೇಳೋದಾ? ನಂಗೊತ್ತೇ ಇಲ್ಲ."

ನನಗೂ ಗೊತ್ತಿರಲಿಲ್ಲ. ಹಾಲಿನ ಬೂತಿನ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ ಹೋದೆ. ಸಭೆ ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ಮೇಲೆ ಹೋದರೆ ಸದಸ್ಯರು, ಮುಖ್ಯಾಧಿಕಾರಿ, ಎಂಜಿನಿಯರು, ಗುಮಾಸ್ತರು ಸೇರಿ ಹಾಲು ಅರ್ಧ ತುಂಬಿತ್ತು. ಊರಿನವರು ಅಂತ ಬಂದಿದ್ದು ಒಂಬತ್ತೇ ಜನ. ಅದರಲ್ಲಿ ನಾಲ್ವರು ಪೇಟೆಬೀದಿಯ ಅಂಗಡಿಯವರು. ಹೆಂಗಸರೆಂದರೆ ನಾನು, ಸ್ವಸಹಾಯ ಸಂಘದ ಒಬ್ಬಾಕೆ. ಇಡೀ ಊರಿನ ಒಂದು ವರ್ಷದ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಹೇಳಬಹುದಾದ ಜಾಗದಲ್ಲಿ ಇಷ್ಟೇ ಜನ. ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು.

"ನೀ ಎಂತ ಕೇಳ್ದೆ?"

"ಹೈಸ್ಕೂಲ್ ಮುಂದಿನ ಹಂಪಿನ ವಿಷಯ."

ಅಕ್ಕ ಹೂ ಕೊಯ್ಯುವುದನ್ನು ನಿಲ್ಲಿಸಿದರು. ಆ ಹಂಪು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಎರಡು ವರ್ಷದ ಹಿಂದೆ ಹೆಣ್ಣುಮಗುವೊಂದಕ್ಕೆ ಬೈಕು ತಾಗಿತ್ತು. ಮಗು ಉಳಿಯಿತು. ಮರುದಿನವೇ ಪೋಷಕರೆಲ್ಲ ಸೇರಿ ಗಲಾಟೆ ಮಾಡಿದಾಗ, ಪಕ್ಕದ ರಸ್ತೆಗೆ ಡಾಂಬರು ಹಾಕುತ್ತಿದ್ದವರು ಉಳಿದ ಜಲ್ಲಿ, ಟಾರು ತಂದು ರಸ್ತೆಗೆ ಅಡ್ಡ ಸುರಿದು ರೋಲರ್ ಓಡಿಸಿ ಹೋದರು. ಗೋಡೆ ಎಬ್ಬಿಸಿದ ಹಾಗಿದೆ. ಬಿಳಿ ಪಟ್ಟೆ ಇಲ್ಲ, ಮುಂಚೆ ಒಂದು ಫಲಕ ಇಲ್ಲ, ಮೇಲೆ ದೀಪವೂ ಇಲ್ಲ. ಕಳೆದ ಆಷಾಢದಲ್ಲಿ ನನ್ನ ಓರಗಿತ್ತಿ ಮೈದುನನ ಸ್ಕೂಟರಿನ ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂತು ಬರುವಾಗ, ಮಳೆಗತ್ತಲಲ್ಲಿ ಆ ಹಂಪಿನ ಮೇಲೆ ಹಾರಿ ಬಿದ್ದಳು. ಸೊಂಟದ ಮೂಳೆ. ಮೂರು ತಿಂಗಳು ಹಾಸಿಗೆ. ಸೀರೆ ಉಟ್ಟು ಹಿಂದೆ ಕೂರುವ ಹೆಂಗಸರಿಗೆ ಹಿಡಿದುಕೊಳ್ಳಲು ಏನಿರುತ್ತದೆ ಹೇಳಿ? ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸೆರಗು.

ಮಕ್ಕಳ ಜೀವ ಉಳಿಸಲೆಂದು ಹಾಕಿದ್ದು ಬೇರೆಯವರ ಸೊಂಟ ಮುರಿಯಿತು. ಹಾಗಂತ ಕಿತ್ತು ಹಾಕಿ ಎಂದರೆ ಮಕ್ಕಳ ಗತಿಯೇನು? ಈ ಪ್ರಶ್ನೆ ಇಟ್ಟುಕೊಂಡೇ ಮೆಟ್ಟಿಲು ಹತ್ತಿದ್ದೆ.

ನಾನು ಎದ್ದು ನಿಂತು ಹೇಳಿದಾಗ ಒಬ್ಬ ಸದಸ್ಯರು, "ತೆಗೆಸಿಬಿಡೋಣ" ಎಂದರು. ಇನ್ನೊಬ್ಬರು, "ತೆಗೆದ್ರೆ ನಾಳೆ ಮತ್ತೆ ಗಲಾಟೆ" ಎಂದರು. ಮೂಲೆಯಲ್ಲಿ ಕೂತಿದ್ದ ಹೊಸ ಜೂನಿಯರ್ ಎಂಜಿನಿಯರ್ ಹುಡುಗಿ, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ, ಎದ್ದು ನಿಂತಳು. ಹಂಪಿಗೂ ಒಂದು ಅಳತೆ ಇದೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು 1988ರಲ್ಲೇ ಬರೆದಿಟ್ಟಿದ್ದಾರೆ, ಎಂದಳು. ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್. ಅಂದರೆ ಹನ್ನೆರಡಡಿ ಅಗಲ, ನಾಲ್ಕಿಂಚು ಎತ್ತರ. ಗಾಡಿಯ ಮುಂದಿನ ಗಾಲಿ ಮೆಲ್ಲಗೆ ಏರಬೇಕು, ಮೆಲ್ಲಗೆ ಇಳಿಯಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನಿಗೆ ಏನೂ ಆಗಬಾರದು, ಜೋರಾಗಿ ಬಂದವನಿಗೆ ಮಾತ್ರ ಗೊತ್ತಾಗಬೇಕು. ಹಂಪಿನ ಮೇಲೆ ಬಣ್ಣದ ಪಟ್ಟೆ, ಬರುವ ಮುಂಚೆಯೇ ಕಾಣುವ ಹಾಗೆ ಫಲಕ, ಇವೆಲ್ಲ ಅದರ ಜೊತೆಗೇ ಇರಬೇಕಾದವು.

ನನಗೆ ಆ ಹುಡುಗಿಯ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಎರಡು ವರ್ಷ ನಾವೆಲ್ಲ ಹಂಪು ಬೇಕು, ಹಂಪು ಬೇಡ ಅಂತ ಜಗಳಾಡಿದ್ದೇವೆ. ಎಷ್ಟು ಅಗಲದ ಹಂಪು ಅಂತ ಒಬ್ಬರೂ ಕೇಳಿರಲಿಲ್ಲ.

"ಹಂಗಾದ್ರೆ ಸರಿ ಮಾಡ್ತಾರಂತಾ?"

"ಈಗಿರೋದರ ಅಳತೆ ಎಷ್ಟು ಅಂತ ಕೇಳಿದ್ರು ಅಕ್ಕ. ನಂಗೆ ಗೊತ್ತಿರ್ಲಿಲ್ಲ. ಅರ್ಜೀಲಿ ಬರೆದುಕೊಡಿ, ಮುಂದಿನ ತಿಂಗಳ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಹಾಕ್ತೀವಿ ಅಂದ್ರು."

ಅಕ್ಕ ಏನೂ ಹೇಳದೆ ಇನ್ನೆರಡು ಹೂ ಕೊಯ್ದರು. ಆಮೇಲೆ, "ಅಲ್ವೇ ಮಾರಾಯ್ತಿ, ನಾವು ಮನೆ ಕಂದಾಯ ಕಟ್ಟೋದು ಎಂತಕ್ಕೆ? ಇದನ್ನೆಲ್ಲ ಅವ್ರೇ ನೋಡ್ಕಬೇಕಲ್ದ?" ಎಂದರು.

ಕಂದಾಯದ ಮಾತು ಬಂದಿದ್ದೇ ಒಳ್ಳೆಯದಾಯಿತು. ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ ಸಿಗುತ್ತದೆಂದು ಅಕ್ಕ ಪ್ರತಿ ವರ್ಷ ಯುಗಾದಿಯ ಖರ್ಚಿನ ನಡುವೆಯೂ ತಪ್ಪದೆ ಕಟ್ಟುವವರು. ಅವರ ಚಲನ್ ಒಳಗಿಂದ ತರಿಸಿ ಬೇಲಿಯ ಮೇಲೆ ಬಿಡಿಸಿ ಇಟ್ಟೆವು. ಮನೆ ತೆರಿಗೆ ಒಂದು ಸಾಲು. ಅದರ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಇವು ಮೂರೂ ಪುರಸಭೆ ವಸೂಲಿ ಮಾಡಿ ಬೇರೆಯವರಿಗೆ ದಾಟಿಸಬೇಕಾದ ದುಡ್ಡು. ಅದರ ಕೈಯಲ್ಲಿ ಉಳಿಯುವುದು ಮೇಲಿನ ಸಾಲು ಮಾತ್ರ. ಉಳಿದಂತೆ ರಾಜ್ಯದ ಅನುದಾನ, ಕೇಂದ್ರದ ಹಣಕಾಸು ಆಯೋಗದ ಅನುದಾನ. ಅದಕ್ಕೂ ಕಟ್ಟು ಇರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ ಐದು ವರ್ಷ ನಮ್ಮಂಥ ಸಣ್ಣ ಊರುಗಳಿಗೆ ಹೇಳಿದ್ದು, ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕು ಅಂತ. ಅದು ಸರಿಯೇ. ನೀರು, ಚರಂಡಿಗಿಂತ ದೊಡ್ಡದು ಯಾವುದಿದೆ? ಆದರೆ ರಸ್ತೆ, ದೀಪ, ಪಾರ್ಕು, ಸಂತೆಮಾಳ ಎಲ್ಲವೂ ಉಳಿದ ಪಾಲಿನಲ್ಲೇ ಹಂಚಿಕೊಳ್ಳಬೇಕು. ಹೀಗಿರುವಾಗ ಯಾರು ಬಂದು ಕೇಳುತ್ತಾರೋ ಅವರ ಬೀದಿ ಮೊದಲಾಗುತ್ತದೆ. ಪೇಟೆಬೀದಿಯ ನಾಲ್ವರು ಅಂಗಡಿಯವರು ತಪ್ಪದೆ ಬರುವುದು ಅದಕ್ಕೇ. ಅವರದ್ದು ತಪ್ಪಲ್ಲ. ಬಾರದಿರುವುದು ನಮ್ಮದು.

"ನಂಗೆ ಮೊಣಕಾಲು ಕಣೇ. ಇಪ್ಪತ್ತೆರಡು ಮೆಟ್ಲು ಅಂದ್ಯಲ್ಲ."

ಈ ಮಾತು ನನ್ನನ್ನು ಅಲ್ಲಿಯೇ ನಿಲ್ಲಿಸಿತು. ಅಂಗವಿಕಲರಿಗೆಂದೇ ಪುರಸಭೆಯ ಬಜೆಟ್ಟಿನಲ್ಲಿ ಶೇ 5 ಎತ್ತಿಡುತ್ತಾರೆ. ಪರಿಶಿಷ್ಟರ ಕಾಲನಿಗಳಿಗೆ, ಅವರ ಮಕ್ಕಳಿಗೆ ಶೇ 24.10, ಇತರ ಬಡವರಿಗೆ ಶೇ 7.25 ಎತ್ತಿಡುವ ಹಾಗೆ. ಆದರೆ ಕಾಲು ನೋವಿನವರು, ಗಾಲಿಕುರ್ಚಿಯವರು ಆ ಹಾಲಿಗೇ ಹತ್ತಲಾಗದಿದ್ದರೆ ತಮ್ಮ ಪಾಲು ಏನಾಯಿತೆಂದು ಕೇಳುವುದು ಹೇಗೆ? ಸಭೆಯನ್ನು ಕೆಳಗೆ, ಅಂಗಳದಲ್ಲಿ ಶಾಮಿಯಾನ ಹಾಕಿ ಮಾಡಬಹುದು. ಅರ್ಜಿಯಲ್ಲಿ ಇದನ್ನೂ ಬರೆಯಬೇಕು ಅಂದುಕೊಂಡೆ. ಅಕ್ಕನಿಗೂ ಹೇಳಿದೆ.

ಅಷ್ಟರಲ್ಲಿ ಎದುರು ಮನೆಯ ತಾಯಿ ಹಾಲಿನ ಪಾತ್ರೆ ಹಿಡಿದು ಬಂದು ನಿಂತರು. ಪುರಸಭೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವರ ಬಾಯಿಂದ ನಾಯಿ, ದೀಪ, ಮೋರಿ ಎಲ್ಲ ಒಟ್ಟಿಗೇ ಹೊರಬಂದವು. ನಾಯಿಗಳ ವಿಷಯ ಸುಲಭದ್ದಲ್ಲ. 2023ರ ನಿಯಮದ ಪ್ರಕಾರ ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ರೇಬೀಸ್ ಚುಚ್ಚುಮದ್ದು ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡುಗಳ ಆವರಣದಲ್ಲಿ ಹಿಡಿದವನ್ನು ಮಾತ್ರ ಮತ್ತೆ ಅಲ್ಲಿಗೇ ಬಿಡಬೇಡಿ, ಆಶ್ರಯತಾಣಕ್ಕೆ ಒಯ್ಯಿರಿ ಎಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಹೇಳಿತು. ಆಶ್ರಯತಾಣ ಕಟ್ಟಲು ಜಾಗ ಬೇಕು, ವೈದ್ಯರು ಬೇಕು, ದಿನಾ ಊಟ ಹಾಕುವವರು ಬೇಕು. ಸಣ್ಣ ಊರಿನ ಪುರಸಭೆ ಒಂಟಿಯಾಗಿ ಹೊರುವ ಹೊರೆಯಲ್ಲ ಅದು ಅಂತ ನನಗೆ ನಿಜವಾಗಿ ಅನಿಸುತ್ತದೆ.

ದೀಪದ್ದು ಹಾಗಲ್ಲ. ಕಂಬ ವಿದ್ಯುತ್ ಕಂಪನಿಯದು, ದೀಪ ಪುರಸಭೆಯದು. "ನಮ್ಮ ಬೀದಿ ಕತ್ತಲೆ" ಎಂದು ಫೋನು ಮಾಡಿದರೆ ಯಾರೂ ಬರುವುದಿಲ್ಲ. ಕಂಬದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ ಹೇಳಿದರೆ ಬರುತ್ತಾರೆ. ಇದನ್ನು ನನಗೆ ಹೇಳಿಕೊಟ್ಟದ್ದು ದೀಪ ಹಾಕುವ ಹುಡುಗನೇ. "ಮೇಡಮ್, ನಂಬರ್ ಕೊಡಿ, ಅವತ್ತೇ ಬರ್ತೀನಿ" ಎಂದಿದ್ದ. ಬಂದ.

ಮೋರಿಯ ಬಗ್ಗೆ ಅಕ್ಕನಿಗೇ ಹೆಚ್ಚು ಗೊತ್ತು. "ಮೇ ತಿಂಗಳಲ್ಲಿ ಹೂಳು ತೆಗೆದು ಅಲ್ಲೇ ದಂಡೆ ಮೇಲೆ ಹಾಕ್ತಾರೆ. ಮೊದಲ್ನೇ ಮಳೆಗೆ ಅಷ್ಟೂ ಮತ್ತೆ ಒಳಗೆ. ತೆಗೆದವ್ರ ಬೆನ್ನು ಮುರೀತು, ಮೋರಿ ಇದ್ದಂಗೇ ಇತ್ತು" ಎಂದರು. ಎಷ್ಟು ಸರಿಯಾದ ಮಾತು. ಹೂಳು ತೆಗೆದ ದಿನವೇ ಹೊತ್ತೊಯ್ಯುವ ಒಂದು ಟ್ರ್ಯಾಕ್ಟರ್ ಗೊತ್ತುಮಾಡಬೇಕು, ಅಷ್ಟೇ. ಮಲೆನಾಡಿನ ಮಳೆ ಕಂಡವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಅಕ್ಕನ ಈ ಮಾತು ಈ ಬೇಲಿ ದಾಟಿ ಆ ಹಾಲಿನ ನಡವಳಿ ಪುಸ್ತಕಕ್ಕೆ ಹೋಗಿಲ್ಲ. ಆ ಹಾಲಿನಲ್ಲಿ ಕೂತ ನಮ್ಮ ವಾರ್ಡಿನ ಸದಸ್ಯೆ ಕೆಟ್ಟವರಲ್ಲ. ಯಾರೂ ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಸದಸ್ಯರೆಂದಾಗ ಇನ್ನೊಂದು ನೆನಪಾಗುತ್ತದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 2018ರ ಆಗಸ್ಟ್ ಕೊನೆಗೆ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಚುನಾವಣೆ ನಡೆಯಿತು. ನಾವೆಲ್ಲ ಸಾಲು ನಿಂತು ಮತ ಹಾಕಿದೆವು. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಯಿತು. ಗೆದ್ದವರಲ್ಲಿ ಬಹಳಷ್ಟು ಜನ ಎರಡು ವರ್ಷಕ್ಕೂ ಹೆಚ್ಚು ಕಾಲ, 2020ರ ಕೊನೆಯವರೆಗೆ, ಅಧ್ಯಕ್ಷರಿಲ್ಲದೆ, ಅಧಿಕಾರವಿಲ್ಲದೆ ಮನೆಯಲ್ಲಿ ಕೂತರು. ಅಷ್ಟು ದಿನ ಊರು ನೋಡಿಕೊಂಡವರು ಆಡಳಿತಾಧಿಕಾರಿಗಳು. ಕಾಗದ ಓಡಿತು, ಕಸದ ಗಾಡಿ ಓಡಿತು. ಆದರೆ ರಸ್ತೆಯಲ್ಲಿ ಅಡ್ಡಹಾಕಿ "ಏನಾಯ್ತು ನಮ್ಮ ನೀರು?" ಎಂದು ಕೇಳಲು ನಮ್ಮವರು ಅಂತ ಒಬ್ಬರಿರಲಿಲ್ಲ. 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಸಂವಿಧಾನದೊಳಗೆ ಊರಿನ ಈ ಸಣ್ಣ ಸಭೆಗೂ ಜಾಗ ಸಿಕ್ಕಿತು, ಹನ್ನೆರಡನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ಬರೆದರು. ನಗರ ಯೋಜನೆ, ನೀರು, ರಸ್ತೆ, ಬೀದಿದೀಪದಿಂದ ಹಿಡಿದು ಸ್ಮಶಾನದವರೆಗೆ. ಹುಟ್ಟಿನ ನೋಂದಣಿಯೂ ಅದರಲ್ಲೇ ಇದೆ. ಇಷ್ಟು ಹತ್ತಿರದ ಸಭೆ ಇನ್ನೊಂದಿಲ್ಲ. ಅದು ಖಾಲಿ ಬಿದ್ದ ಆ ಎರಡು ವರ್ಷ ಊರಲ್ಲಿ ಯಾರೂ ದೊಡ್ಡದಾಗಿ ಕೇಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

"ಪಾರ್ಕಿನ ಜಾಗ ಕೇಳಿದ್ಯಾ?" ಅಕ್ಕ ಕೇಳಿದರು.

ಕೇಳಿದ್ದೆ. ನಮ್ಮ ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಒಂದು ಮೂಲೆ ಇದೆ. ಈಗ ಅಲ್ಲಿ ಯಾರದೋ ಮನೆ ಕಟ್ಟುವ ಮರಳು, ಇಟ್ಟಿಗೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ನಕ್ಷೆಯ ಪ್ರತಿ ಕೇಳಿ ಅರ್ಜಿ ಕೊಟ್ಟು ಬಂದಿದ್ದೇನೆ. ಅದು ಸಿಕ್ಕಮೇಲೆ ಆ ಮಾತು.

ಬಿಸಿಲು ಬೇಲಿಯ ಮೇಲೆ ಏರಿತು. ಎದುರು ಮನೆಯ ತಾಯಿ ಹೋದರು. ನಾನೂ ಒಳಗೆ ಹೊರಟೆ. ಅಕ್ಕ, "ತಡಿ" ಎಂದು ಒಳಹೋಗಿ ಏನನ್ನೋ ಹುಡುಕಿ ತಂದು ಬೇಲಿಯ ಮೇಲಿಂದ ಕೊಟ್ಟರು. ಅವರು ಬ್ಲೌಸ್ ಹೊಲಿಯುವ ಅಳತೆ ಟೇಪು. ಹಳದಿ ಬಣ್ಣ ಮಾಸಿ, ತುದಿಯ ತಗಡು ಸವೆದು ಹೋಗಿತ್ತು.

"ಅಳತೆ ಗೊತ್ತಿರ್ಲಿಲ್ಲ ಅಂದ್ಯಲ್ಲ. ನಾಳೆ ಬೆಳಿಗ್ಗೆ ಗಾಡಿ ಓಡಾಡೋಕೆ ಮುಂಚೆ ಹೋಗನ. ನಾ ಬರ್ತೀನಿ, ಅಲ್ಲಿ ಮೆಟ್ಲಿಲ್ಲ."

ಮರುದಿನ ಆರಕ್ಕೆ ಹೊರಟೆವು. ಮಂಜು ಇನ್ನೂ ಬಿಟ್ಟಿರಲಿಲ್ಲ. ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸು ನಮ್ಮನ್ನು ನೋಡಿ ಏನು ಎತ್ತ ವಿಚಾರಿಸಿದಳು. ಹೇಳಿದೆವು. ಅವಳು ಪೊರಕೆ ಗೋಡೆಗೆ ಒರಗಿಸಿ ರಸ್ತೆಯ ತಿರುವಿಗೆ ಹೋಗಿ ನಿಂತಳು, ಗಾಡಿ ಬಂದರೆ ಕೂಗಲು. ಆ ಹಂಪಿನ ಮೇಲೆ ಎಷ್ಟು ಜನ ಬಿದ್ದರೆಂದು ಅವಳಿಗೆ ಗೊತ್ತಿತ್ತು. ನನ್ನ ಓರಗಿತ್ತಿಯ ಚಪ್ಪಲಿ ಎತ್ತಿ ಬದಿಗಿಟ್ಟವಳೂ ಅವಳೇ ಅಂತ ಅವತ್ತು ತಿಳಿಯಿತು.

ಅಕ್ಕ ಬಗ್ಗಲಾರದೆ ಟೇಪಿನ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದರು. ನಾನು ಇನ್ನೊಂದು ತುದಿ ಎಳೆದೆ. ಅಗಲ ಮೂವತ್ತು ಇಂಚು. ಶಾಲೆಯ ಹುಡುಗರು ಗೀಟು ಎಳೆಯುವ ಮರದ ಪಟ್ಟಿಯನ್ನು ಹಂಪಿನ ತಲೆಯ ಮೇಲೆ ಅಡ್ಡ ಇಟ್ಟು, ಅದರ ತುದಿಯಿಂದ ರಸ್ತೆಗೆ ಟೇಪು ಇಳಿಬಿಟ್ಟೆ. ಎತ್ತರ ಏಳು ಇಂಚು.

"ಇನ್ನೊಂದ್ಸಲ ಅಳಿ," ಎಂದರು ಅಕ್ಕ. "ಬ್ಲೌಸಿಗೆ ನಾನು ಎರಡು ಸಲ ಅಳೀತೀನಿ."

ಎರಡನೇ ಸಲವೂ ಅಷ್ಟೇ ಬಂತು. ಕ್ಯಾಲೆಂಡರಿನ ಹಿಂದುಗಡೆ ಬರೆದುಕೊಂಡೆ. ಅಗಲ 30 ಇಂಚು, ಎತ್ತರ 7. ಅದರ ಕೆಳಗೆ, ಇರಬೇಕಾದದ್ದು: 12 ಅಡಿ, 4 ಇಂಚು. ಹತ್ತಿರದ ಕಂಬದ ಸಂಖ್ಯೆಯನ್ನು ತಿರುವಿನಲ್ಲಿ ನಿಂತವಳೇ ಓದಿ ಹೇಳಿದಳು.