ಕ್ಯಾಪ್ಟನ್ ಮೇಡಂ ಮತ್ತು ಬಾಳೆಗೊನೆ

ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ಬಂದವರನ್ನು ಕಂಡರೆ ಜನ ಕೇಳುವುದು ಮೂರೇ ಪ್ರಶ್ನೆ. ಬಿರುಗಾಳಿ ಬಂತಾ? ತಿಮಿಂಗಿಲ ಕಂಡಿತಾ? ಹೆದರಿಕೆ ಆಗ್ಲಿಲ್ವಾ? ನಮ್ಮತ್ತೆ ಮಾತ್ರ ನಾವು ಹೊರಡುವ ಮೊದಲೇ ನಾಲ್ಕನೆಯದನ್ನು ಕೇಳಿದ್ದರು: "ರಾತ್ರಿ ಹೊತ್ತು ದೋಣೀನ ಎಲ್ಲಿ ನಿಲ್ಲಿಸ್ತೀರಿ?"

"ನಿಲ್ಲಿಸೋದಿಲ್ಲ ಅತ್ತೆ. ಅಲ್ಲಿ ಸಮುದ್ರದ ಆಳ ನಾಲ್ಕೈದು ಸಾವಿರ ಮೀಟರು. ನಮ್ಮ ಲಂಗರಿನ ಸರಪಳಿ ಅರವತ್ತು ಮೀಟರು."

ಅತ್ತೆ ಸ್ವಲ್ಪ ಯೋಚಿಸಿ, "ಹಂಗಾದ್ರೆ ಇನ್ನೂ ಉದ್ದದ್ದು ತಗಳಿ" ಎಂದರು.

ಅವರದೇನೂ ತಪ್ಪಿಲ್ಲ. ಕಡಲಿಗೂ ನಮ್ಮ ಎರಡು ಮನೆತನಕ್ಕೂ ಯಾವ ಕಾಲಕ್ಕೂ ಬಳಕೆ ಇರಲಿಲ್ಲ. ನಮ್ಮ ಯಜಮಾನರ ಊರು ಸಾಗರ. ಶಿವಮೊಗ್ಗ ಜಿಲ್ಲೆಯ ಸಾಗರ. ಅಲ್ಲಿ ಅಡಿಕೆ ಇದೆ, ಸಮುದ್ರ ಇಲ್ಲ. ನಾನು ದಾವಣಗೆರೆ ಕಡೆಯವಳು. ನಮ್ಮಲ್ಲಿ ಶಾಂತಿಸಾಗರ ಇದೆ, ಅದು ಕೆರೆ. ಇಂಥ ಭವ್ಯ ಕಡಲ ಪರಂಪರೆಯ ನಾವಿಬ್ಬರು ಉದ್ಯೋಗಕ್ಕೆಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಬಂದು ಬಿದ್ದೆವು. ಅಲ್ಲಿ ಅಕ್ಕಪಕ್ಕದವರು ಶನಿವಾರ ಬಂತೆಂದರೆ ದೋಣಿ ಬಿಚ್ಚುವವರು. ಮಕ್ಕಳು ಓದಿಗೆಂದು ಮನೆ ಬಿಟ್ಟ ಮೇಲೆ ನಾನು ತರಬೇತಿಗೆ ಸೇರಿ, ಪರೀಕ್ಷೆ ಪಾಸು ಮಾಡಿ, ಪ್ರಮಾಣಪತ್ರ ತಂದೆ. ಯಜಮಾನರೂ ತರಬೇತಿಗೆ ಬಂದರು, ಆದರೆ ಅವರ ಕಣ್ಣೆಲ್ಲ ದೋಣಿಯ ಅಡುಗೆಮನೆಯ ಮೇಲಿತ್ತು. ಹಾಗಾಗಿ 36 ಅಡಿಯ ಹಳೆಯ ಹಾಯಿದೋಣಿ ಕೊಂಡಾಗ ಕಾಗದಪತ್ರದಲ್ಲಿ ನಾನು ಕ್ಯಾಪ್ಟನ್, ಅವರು ಸಿಬ್ಬಂದಿ. ಇಷ್ಟು ವರ್ಷ ಪುಕ್ಕಟೆ ಸಂಸಾರ ನಡೆಸಿದವಳಿಗೆ ಕೊನೆಗೂ ಒಂದು ಹುದ್ದೆ ಸಿಕ್ಕಿತೆಂದು ಬೀಗಿದೆ.

ಬೀಗಿದ್ದು ಮೊದಲ ಅಪ್ಪಣೆಯ ತನಕ. ಹಾಯಿದೋಣಿಯಲ್ಲಿ ಅಪ್ಪಣೆ ಎರಡು ಮಾತು ಮೀರಬಾರದು. ಗಾಳಿ ಮರ್ಯಾದೆಗೆ ಕಾಯುವುದಿಲ್ಲ. ಆದರೆ ಕಟ್ಟಿಕೊಂಡ ಗಂಡನಿಗೆ "ಎಳಿ!" ಎಂದು ಕೂಗುವುದಾದರೂ ಹೇಗೆ? "ರೀ, ಸ್ವಲ್ಪ ಆ ಬಲಗಡೆ ಹಗ್ಗ ಎಳೀತೀರಾ?" ಎಂದು ನಾನು ಮುಗಿಸುವಷ್ಟರಲ್ಲಿ ಹಾಯಿ ಪಟಪಟ ಬಡಿದುಕೊಂಡು, ಹಗ್ಗ ತನಗೆ ತಾನೇ ಗಂಟು ಹಾಕಿಕೊಂಡಿರುತ್ತಿತ್ತು. ಸಿಬ್ಬಂದಿಗೆ ಈ ತೊಡಕಿರಲಿಲ್ಲ. "ಏನೇ, ಆ ಕಡೆ ತಿರುಗ್ಸೇ" ಎಂದು ಕ್ಯಾಪ್ಟನ್ನಿಗೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು. ಸಿಬ್ಬಂದಿ ಅಪ್ಪಣೆ ಕೊಟ್ಟು ಕ್ಯಾಪ್ಟನ್ ವಿನಂತಿ ಮಾಡಿಕೊಳ್ಳುವ ನೌಕೆ ಆ ವರ್ಷ ಅಟ್ಲಾಂಟಿಕ್‌ನಲ್ಲಿ ಇನ್ನೊಂದು ಇದ್ದಿರಲಾರದು.

ದಾರಿ ಮಾತ್ರ ಹಳೆಯದು, ನಂಬುವಂಥದು. 1492ರಲ್ಲಿ ಕೊಲಂಬಸ್ ಪಶ್ಚಿಮಕ್ಕೆ ಹೊರಟದ್ದು ಸ್ಪೇನಿನ ಕ್ಯಾನರಿ ದ್ವೀಪಗಳಿಂದಲೇ. ಅಲ್ಲಿಂದ ಕೆರಿಬಿಯನ್ನಿಗೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಈಶಾನ್ಯದ ವಾಣಿಜ್ಯ ಮಾರುತ ಬೆನ್ನಿಗೆ ಸಿಕ್ಕಿತೆಂದರೆ ಮೂರು ವಾರದ ಆಸುಪಾಸಿನಲ್ಲಿ ಆ ದಡ. 1986ರಿಂದ ಪ್ರತಿ ನವೆಂಬರಿನಲ್ಲಿ ಹಾಯಿದೋಣಿಗಳ ದೊಡ್ಡ ಗುಂಪೊಂದು ಕ್ಯಾನರಿಯ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿಗೆ ಒಟ್ಟಿಗೆ ಹೊರಡುವ ವಾಡಿಕೆಯಿದೆ. ಆ ಜಾತ್ರೆ ಕಣ್ಮರೆಯಾದ ಮೇಲೆ ನಾವು ಅಲ್ಲಿಂದಲೇ ಬಾರ್ಬಡೋಸಿಗೆ ಹೊರಟೆವು, ಹಗ್ಗದ ಗಂಟು ಯಾರ ಕಣ್ಣಿಗೂ ಬೀಳದಿರಲಿ ಎಂದು.

ವೇಗದ ವಿಷಯ ಕೇಳಬೇಡಿ. ಐದಾರು ನಾಟ್ ಅಂದರೆ ಗಂಟೆಗೆ ಹತ್ತು ಕಿಲೋಮೀಟರ್. ಮಾವನವರು ಸೈಕಲ್ಲಿನಲ್ಲಿ ಅಡಿಕೆ ಮಂಡಿಗೆ ಹೋಗುತ್ತಿದ್ದದ್ದು ಇದಕ್ಕಿಂತ ಜೋರಾಗಿ. ನಾವೆಲ್ಲಿದ್ದೇವೆಂದು ಉಪಗ್ರಹದ ಮೂಲಕ ನಕ್ಷೆಯಲ್ಲಿ ಒಂದು ಚುಕ್ಕಿ ಮೂಡುತ್ತಿತ್ತು. ಅದನ್ನು ಇಡೀ ಬಂಧುಬಳಗ ಕಾವಲು ಕಾಯುತ್ತಿತ್ತು. "ಚುಕ್ಕಿ ನಿನ್ನೆಯಿಂದ ಅಲ್ಲೇ ಇದೆ. ಜಗಳ ಆಡ್ಕೊಂಡು ಕೂತಿದ್ದೀರೇನು?" ಎಂದು ದಾವಣಗೆರೆಯಿಂದ ನಮ್ಮಮ್ಮನ ಸಂದೇಶ. ದೋಣಿ ಆ ದಿನ ಇನ್ನೂರು ಕಿಲೋಮೀಟರ್ ಓಡಿತ್ತು. ಜಗಳದ ಊಹೆ ಮಾತ್ರ ಸರಿಯಾಗಿತ್ತು.

ಜಗಳ ತುಪ್ಪದ ಮೇಲೆ. ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗಿ ಆಮೇಲೆ ಬಲಕ್ಕೆ ತಿರುಗು ಎಂಬುದು ಈ ದಾರಿಯ ಹಳೆಯ ನಾವಿಕರ ಸೂತ್ರ. ಬೆಣ್ಣೆ ಕರಗುವಷ್ಟು ಸೆಖೆ ಇರುವಲ್ಲಿ ವಾಣಿಜ್ಯ ಮಾರುತವೂ ಇರುತ್ತದೆ. ನಾನು ದಿನಕ್ಕೆರಡು ಸಲ ಹವಾಮಾನದ ನಕ್ಷೆ ಇಳಿಸಿಕೊಂಡು, ಬಾಣದ ಗುರುತುಗಳನ್ನು ಎಣಿಸಿ, ಎಲ್ಲಿ ತಿರುಗಬೇಕೆಂದು ಲೆಕ್ಕ ಹಾಕುತ್ತಿದ್ದೆ. ಯಜಮಾನರು ಬೆಳಿಗ್ಗೆ ಎದ್ದು ಅತ್ತೆ ಕೊಟ್ಟ ತುಪ್ಪದ ಡಬ್ಬಿ ತೆರೆದು ನೋಡುತ್ತಿದ್ದರು. "ಇನ್ನೂ ಮರಳು ಮರಳಾಗಿದೆ ಕಣೇ. ಇನ್ನಷ್ಟು ಕೆಳಗೆ ಹೋಗು." ನನ್ನ ನಕ್ಷೆ ತಿರುಗೆಂದ ದಿನವೇ ಅವರ ತುಪ್ಪ ನೀರಾಯಿತು. ನನ್ನ ಪ್ರಮಾಣಪತ್ರಕ್ಕೆ ಸುರಿದ ದುಡ್ಡಿನ ಲೆಕ್ಕವನ್ನು ಅವರು ಅಂದಿನಿಂದ ತುಪ್ಪದ ದರದಲ್ಲೇ ಹೇಳುತ್ತಾರೆ.

ಸಾಗರದ ನಡುವೆ ಇಬ್ಬರೂ ಒಟ್ಟಿಗೆ ಮಲಗುವಂತಿಲ್ಲ. ಹಡಗುಗಳು ಡಿಕ್ಕಿ ಹೊಡೆಯದಿರಲೆಂದು 1972ರಲ್ಲಿ ಮಾಡಿಕೊಂಡ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು, ಕಣ್ಣು ಕಿವಿ ಎರಡರಿಂದಲೂ ಸದಾ ಕಾವಲಿರಬೇಕು ಎನ್ನುತ್ತದೆ. ದಿಗಂತದಲ್ಲಿ ಕಂಡ ಸರಕು ಹಡಗು ಇಪ್ಪತ್ತು ನಿಮಿಷದಲ್ಲಿ ಮೈಮೇಲೆ ಬಂದಿರಬಹುದು. ಅದಕ್ಕೇ ಮೂರು ಗಂಟೆ ಅವರು, ಮೂರು ಗಂಟೆ ನಾನು ಎಂದು ಪಾಳಿ. ಯಜಮಾನರು ನಿಯಮದ ಕಿವಿಯ ಭಾಗವನ್ನು ಕಣ್ಣು ಮುಚ್ಚಿಕೊಂಡು ಪಾಲಿಸಿದರು. ಕಣ್ಣಿನ ಭಾಗಕ್ಕೆ ನಾನಿದ್ದೆ. ಒಂದು ಬೆಳಗಿನ ಜಾವ ಹಿಂದುಗಡೆ, ಪೂರ್ವದಲ್ಲಿ, ಪ್ರಖರವಾದ ಒಂಟಿ ದೀಪ. ನೇರ ನಮ್ಮತ್ತಲೇ. ರೇಡಿಯೋದ 16ನೇ ಚಾನೆಲ್ಲಿನಲ್ಲಿ, ತರಬೇತಿಯಲ್ಲಿ ಕಲಿತ ಠೀವಿಯಲ್ಲೇ, ನಮ್ಮ ಹೆಸರು, ನಿಂತ ಜಾಗ, ಹೋಗುವ ದಿಕ್ಕು ಎಲ್ಲ ಒಪ್ಪಿಸಿದೆ. ಉತ್ತರವಿಲ್ಲ. ದಾರಿ ಬಿಟ್ಟುಕೊಟ್ಟೆ. ದೀಪ ಕದಲಲಿಲ್ಲ. ಕೊನೆಗೆ ಸಿಬ್ಬಂದಿಯನ್ನು ಎಬ್ಬಿಸಿದೆ. ಅವರು ಕಂಬಳಿ ಹೊದ್ದೇ ಮೇಲೆ ಬಂದು, ನೋಡಿ, "ಅದು ಶುಕ್ರ ಕಣೇ. ಅವನ ಹತ್ರ ರೇಡಿಯೋ ಇಲ್ಲ" ಎಂದು ಹೇಳಿ ಮತ್ತೆ ಹೋಗಿ ಮಲಗಿದರು.

ಚುಕ್ಕಾಣಿ ಹಿಡಿಯುವ ಕೆಲಸ ನಮ್ಮಿಬ್ಬರದೂ ಅಲ್ಲ. ಒಂಟಿಯಾಗಿ ಅಟ್ಲಾಂಟಿಕ್ ದಾಟುವ ಮೊದಲ ಸ್ಪರ್ಧೆ 1960ರಲ್ಲಿ ನಡೆದಾಗ ಬ್ಲಾಂಡಿ ಹ್ಯಾಸ್ಲರ್ ಎಂಬ ಬ್ರಿಟಿಷ್ ನಾವಿಕ ಗಾಳಿಯಿಂದಲೇ ನಡೆಯುವ ಚುಕ್ಕಾಣಿಯೊಂದನ್ನು ತಾನೇ ಮಾಡಿಕೊಂಡು ಹೋಗಿದ್ದ. ಅದರ ಸಂತತಿಯ ಯಂತ್ರವೊಂದು ನಮ್ಮ ದೋಣಿಯ ಹಿಂಬದಿಗೂ ಇದೆ. ಮೇಲೊಂದು ಹಲಗೆ ಗಾಳಿ ಹಿಡಿಯುತ್ತದೆ, ಕೆಳಗೊಂದು ಹಲಗೆ ನೀರಿನ ಬಲದಿಂದ ಚುಕ್ಕಾಣಿ ತಿರುಗಿಸುತ್ತದೆ. ವಿದ್ಯುತ್ತು ಬೇಡ, ಊಟ ಬೇಡ, ಎದುರುತ್ತರವಿಲ್ಲ. ಒಂದೇ ಒಂದು ದೋಷ: ಇದಕ್ಕೆ ದಿಕ್ಕು ಗೊತ್ತಿಲ್ಲ, ಗಾಳಿ ಮಾತ್ರ ಗೊತ್ತು. ಗಾಳಿ ತಿರುಗಿದರೆ ತಾನೂ ತಿರುಗುತ್ತದೆ. ಯಂತ್ರಕ್ಕೆ ಹೆಸರಿಡುವುದು ನಾವಿಕರ ವಾಡಿಕೆ. ನಾವು "ಶಾಸಕರು" ಎಂದಿಟ್ಟೆವು. ಅರ್ಧ ದಾರಿಯ ಮೇಲೆ ಸರ್ಗಾಸಮ್ ಪಾಚಿಯ ರಾಶಿ ಎದುರಾಯಿತು. 2011ರಿಂದ ಈಚೆಗೆ ಉಷ್ಣವಲಯದ ಅಟ್ಲಾಂಟಿಕ್‌ನಲ್ಲಿ ಅದು ವಿಪರೀತ ಬೆಳೆಯುತ್ತಿದೆ. ಅದು ಶಾಸಕರ ಕಾಲಿಗೆ ಸುತ್ತಿಕೊಂಡಾಗಲೆಲ್ಲ ಯಜಮಾನರು ಉದ್ದದ ಕೋಲು ಹಿಡಿದು ಸೇವೆಗೆ ಕೂರುತ್ತಿದ್ದರು. ನನ್ನ ಮಾತಿಗೆ ಅಷ್ಟು ಬೇಗ ಎದ್ದವರಲ್ಲ.

ಅಡುಗೆಮನೆ ಅವರದೇ ಎಂದು ಮೊದಲೇ ಕರಾರಾಗಿತ್ತು. ದೋಣಿಯ ಒಲೆಯನ್ನು ಎರಡು ತಿರುಗಣೆಗಳ ಮೇಲೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಒಲೆ ಮಟ್ಟಸವಾಗಿರುತ್ತದೆ. ಅಡುಗೆ ಮಾಡುವವರಿಗೆ ಆ ಸೌಲಭ್ಯವಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅವರು ಒಗ್ಗರಣೆ ಹಾಕುತ್ತಿದ್ದರೆ ಕ್ಯಾಪ್ಟನ್ ಆದ ನಾನು ಮೇಲೆ ಗಂಭೀರವಾಗಿ ದಿಗಂತ ನೋಡುತ್ತಾ ಕೂರಬೇಕಿತ್ತು. ಆಗಲಿಲ್ಲ. "ಸಾಸಿವೆ ಸಿಡೀತಾ? ಉಪ್ಪು ಹಾಕಿದ್ರಾ? ಬೇಳೆ ತೊಳೆದ್ರಾ?" ಎಂದು ಮೇಲಿನಿಂದಲೇ ವಿಚಾರಣೆ. "ಇಂಗು ಎಲ್ಲಿಟ್ಟಿದೀಯೇ?" ಎಂದು ಕೆಳಗಿನಿಂದ ಪ್ರತಿಪ್ರಶ್ನೆ. ಹಾಸಿಗೆಯ ಅಡಿ, ನೆಲದ ಹಲಗೆಯ ಅಡಿ, ಇಂಜಿನ್ನಿನ ಪಕ್ಕ, ಹೀಗೆ ದೋಣಿಯ ಸಂದುಗೊಂದಿಗಳಲ್ಲೆಲ್ಲ ಸಾಮಾನು ತುಂಬಿ, ಯಾವುದು ಎಲ್ಲಿದೆಯೆಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಆ ಪುಸ್ತಕ ಎಲ್ಲಿದೆಯೆಂದು ಬರೆದಿರಲಿಲ್ಲ.

ಇನ್ನು ಬಾಳೆಗೊನೆ. ಕ್ಯಾನರಿ ದ್ವೀಪಗಳಲ್ಲಿ ಬಾಳೆ ದಂಡಿಯಾಗಿ ಬೆಳೆಯುತ್ತದೆ. ದೋಣಿಗೆ ಬಾಳೆಹಣ್ಣು ಅಪಶಕುನವೆಂದು ಅಲ್ಲಿದ್ದ ಬಿಳಿಯ ನಾವಿಕರೊಬ್ಬರು ಎಚ್ಚರಿಸಿದರು. "ದೇವರಿಗೆ ಇಡೋ ಹಣ್ಣು ಅಪಶಕುನ ಹೇಗಾಗುತ್ತೆ?" ಎಂದು ಯಜಮಾನರು ಇಡೀ ಗೊನೆಯನ್ನೇ ತಂದು, ಹುಳುಹುಪ್ಪಟೆ ಹೋಗಲೆಂದು ಸಮುದ್ರದ ನೀರಿನಲ್ಲಿ ಅದ್ದಿ, ಹಿಂಬದಿಗೆ ನೇತುಹಾಕಿದರು. ವಾರಗಟ್ಟಲೆ ಹಸಿರಾಗಿದ್ದ ಗೊನೆ ಒಂದು ಮುಂಜಾನೆ ಅರ್ಧಕ್ಕರ್ಧ ಹಳದಿ. ಹಣ್ಣಾಗುವ ಕಾಯಿ ಎಥಿಲೀನ್ ಅನಿಲ ಬಿಡುತ್ತದೆ, ಅದು ನೆರೆಯ ಕಾಯಿಯನ್ನೂ ಹಣ್ಣು ಮಾಡುತ್ತದೆ ಎಂದು ನಾನು ವಿವರಿಸುವಷ್ಟರಲ್ಲಿ ಉಳಿದವೂ ಹಣ್ಣಾದವು. ಬೆಳಿಗ್ಗೆ ರಸಾಯನ, ಮಧ್ಯಾಹ್ನ ಸೀಕರಣೆ, ರಾತ್ರಿ ಹಲ್ವಾ. ಮೂರನೆಯ ದಿನ ಸಿಬ್ಬಂದಿ ಮಂಗಳೂರು ಬನ್ಸ್ ಕರಿಯುವುದಾಗಿ ಘೋಷಿಸಿದರು. ಹೊಯ್ದಾಡುವ ದೋಣಿಯಲ್ಲಿ ಬಾಣಲೆ ತುಂಬ ಕಾದ ಎಣ್ಣೆ! ಹತ್ತಿರದ ಆಸ್ಪತ್ರೆ ಸಾವಿರಾರು ಕಿಲೋಮೀಟರ್ ಆಚೆ. ಇಡೀ ಪಯಣದಲ್ಲಿ ಮೊದಲ ಬಾರಿ ಎರಡೇ ಮಾತಿನಲ್ಲಿ ಅಪ್ಪಣೆ ಕೊಟ್ಟೆ: "ಕರಿಯೋದು ಬೇಡ." ಅವರು ಪಾಲಿಸಿದರು. ನನಗೇ ಪಿಚ್ಚೆನಿಸಿತು. ಎರಡು ದಿನದ ಮೇಲೆ ಗಾಳಿ ಪೂರಾ ನಿಂತುಹೋಯಿತು. ಗಾಳಿ ನಿಂತರೆ ನಾವಿಕರು ಚಡಪಡಿಸುತ್ತಾರೆ, ಡೀಸೆಲ್ ಅಳೆಯುತ್ತಾರೆ, ಇಂಜಿನ್ ಹಚ್ಚುತ್ತಾರೆ. ಕ್ಯಾಪ್ಟನ್ ಸಮುದ್ರ ನೋಡಿದೆ, ಆಕಾಶ ನೋಡಿದೆ, "ರೀ, ಎಣ್ಣೆ ಇಡಿ" ಎಂದೆ.

ಕುಡಿಯುವ ನೀರು ಮುನ್ನೂರು ಲೀಟರ್ ಮಾತ್ರ. ಹಾಗಾಗಿ ಪಾತ್ರೆಗೂ ಸಮುದ್ರದ ನೀರು, ಸ್ನಾನಕ್ಕೂ ಸಮುದ್ರದ ನೀರು, ಕೊನೆಗೊಂದು ಚೊಂಬು ಸಿಹಿನೀರು. ಉಪ್ಪುನೀರಿನಲ್ಲಿ ಮೈಸೋಪು ನೊರೆ ಬರುವುದಿಲ್ಲ, ಪಾತ್ರೆ ತೊಳೆಯುವ ದ್ರಾವಣ ಬರುತ್ತದೆ. ಪಾತ್ರೆಗೂ ಪತಿಗೂ ಒಂದೇ ಬಾಟಲಿ ಸಾಕಾಯಿತು.

ನಿಜವಾದ ಕಷ್ಟ ಮುನಿಸಿಕೊಳ್ಳುವುದರಲ್ಲಿತ್ತು. ತವರಿಗೆ ಹೋಗುತ್ತೇನೆ ಎಂಬ ಬೆದರಿಕೆ ವಾಣಿಜ್ಯ ಮಾರುತದಲ್ಲಿ ನಡೆಯುವುದಿಲ್ಲ. ಗಾಳಿಗೂ ಅಲೆಗೂ ಎದುರಾಗಿ ಅಷ್ಟು ದೂರ ಹಿಂದಿರುಗುವುದಕ್ಕಿಂತ ಗಂಡನ ಜೊತೆ ಮುಂದೆ ಹೋಗುವುದೇ ವಾಸಿ. ಬಾಗಿಲು ಧಡಾರನೆ ಹಾಕಿಕೊಳ್ಳೋಣವೆಂದರೆ ಬಾಗಿಲಿರುವುದು ಕಕ್ಕಸಿಗೊಂದಕ್ಕೆ. ದೋಣಿಯ ಮೂತಿಗೆ ಹೋಗಿ ಬೆನ್ನು ಹಾಕಿ ಕೂರಬಹುದು. ಆದರೆ ಸುರಕ್ಷತಾ ಪಟ್ಟಿ ಬಿಗಿದುಕೊಳ್ಳದೆ, ಇನ್ನೊಬ್ಬರಿಗೆ ತಿಳಿಸದೆ ಯಾರೂ ಮುಂದಕ್ಕೆ ಹೋಗಕೂಡದೆಂದು ನಿಯಮ ಬರೆದು ಅಂಟಿಸಿದವಳು ನಾನೇ. ಆದ್ದರಿಂದ, "ನಾನು ಸಿಟ್ಟು ಮಾಡ್ಕೊಂಡು ಮುಂದೆ ಹೋಗ್ತಿದೀನಿ, ಸ್ವಲ್ಪ ನೋಡ್ಕೊಂಡಿರಿ" ಎಂದು ವರದಿ ಒಪ್ಪಿಸಬೇಕು. ಅವರು ಕೊಕ್ಕೆ ಎಳೆದು ಪರೀಕ್ಷಿಸಿ, "ಸರಿ, ಹೋಗಿ ಬಾ" ಎನ್ನುತ್ತಾರೆ. ಅಷ್ಟು ಕಾಳಜಿಯ ಬೀಳ್ಕೊಡುಗೆಯಾದ ಮೇಲೆ ಎಷ್ಟು ಹೊತ್ತು ಮುನಿಸಿಕೊಂಡಿರಲು ಸಾಧ್ಯ?

ಹೋಲಿಸಿಕೊಂಡು ನಾಚಿಕೆಪಡಲು ನನಗೊಂದು ಜೋಡಿ ನೆನಪಾಗುತ್ತಿತ್ತು. 1973ರಲ್ಲಿ ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲವೊಂದು ಗುದ್ದಿ ಮಾರಿಸ್ ಮತ್ತು ಮಾರಲಿನ್ ಬೈಲಿ ಎಂಬ ಇಂಗ್ಲಿಷ್ ದಂಪತಿಯ ಹಾಯಿದೋಣಿ ಮುಳುಗಿತು. ಮನೆ ಮಾರಿ ಕೊಂಡ ದೋಣಿ ಅದು. ರಬ್ಬರ್ ತೆಪ್ಪದಲ್ಲಿ ಮಳೆನೀರು ಕುಡಿದು, ಆಮೆ ಮೀನು ತಿಂದು, ನಾಲ್ಕು ತಿಂಗಳಿಗೆ ಹತ್ತಿರ ತೇಲಿದರು. ಕೊನೆಗೆ ದಕ್ಷಿಣ ಕೊರಿಯಾದ ಮೀನುಗಾರಿಕೆ ಹಡಗು ಅವರನ್ನು ಎತ್ತಿಕೊಂಡಿತು. ತೆಪ್ಪದಲ್ಲಿ ಕೂತು ಮಾರಲಿನ್ ಮುಂದಿನ ದೋಣಿ ಹೇಗಿರಬೇಕೆಂದು ಚಿತ್ರ ಬರೆಯುತ್ತಿದ್ದಳು, ಔತಣದ ಅಡುಗೆ ಪಟ್ಟಿ ಮಾಡುತ್ತಿದ್ದಳು. ಊರಿಗೆ ಮರಳಿದ ಮೇಲೆ ಇಬ್ಬರೂ ಇನ್ನೊಂದು ದೋಣಿ ಕಟ್ಟಿಸಿಕೊಂಡು ಮತ್ತೆ ಕಡಲಿಗೆ ಹೊರಟರು. ಇದನ್ನು ನಾನು ಭಾವುಕಳಾಗಿ ಹೇಳಿ ಮುಗಿಸಿದರೆ ಯಜಮಾನರು, "ಪಾಪ, ಅವರ ಹತ್ರ ಇಂಗು ಇರ್ಲಿಲ್ಲ, ಅದಕ್ಕೇ ಜಗಳ ಬರ್ಲಿಲ್ಲ" ಎಂದರು.

ಬಾರ್ಬಡೋಸ್ ತಗ್ಗು ದ್ವೀಪ. ಹತ್ತಿರವಾಗುವ ತನಕ ಕಾಣುವುದಿಲ್ಲ. ಅದರ ದೀಪಗಳು ಮೊದಲು ಕಂಡದ್ದು ನನ್ನ ಪಾಳಿಯಲ್ಲೇ. ಶುಕ್ರನ ಪ್ರಕರಣದ ನಂತರ ನಾನು ಯಾರನ್ನೂ ಎಬ್ಬಿಸಲಿಲ್ಲ. ಬೆಳಗಾಗಿ ತೆಂಗಿನ ಮರ ಕಂಡ ಮೇಲೆ ಎಬ್ಬಿಸಿದೆ. ಬಂದರಿನಲ್ಲಿ ಹಳದಿ ಬಾವುಟ ಏರಿಸಿ ಅರ್ಜಿ ತುಂಬುವಾಗ ಸಿಬ್ಬಂದಿಯ ಹುದ್ದೆ ಎಂಬಲ್ಲಿ ಅವರು "ಅಡುಗೆ" ಎಂದು ಹೆಮ್ಮೆಯಿಂದ ಬರೆದರು. ಕ್ಯಾಪ್ಟನ್ ಎಂಬಲ್ಲಿ ನಾನು ಸಹಿ ಹಾಕಬೇಕಿತ್ತು. "ರೀ, ಪೆನ್ನು ಸ್ವಲ್ಪ ಕೊಡ್ತೀರಾ?" ಎಂದೆ.

ಇಂಥ ಪಯಣ ಹೋಗಬೇಕೆಂದಿರುವ ದಂಪತಿಗಳಿಗೆ ನನ್ನ ಮಾತು ಇಷ್ಟು. ಆ ಕಡೆ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್ ಕೊನೆಯ ತನಕ. ಅದು ಮುಗಿದ ಮೇಲೆ ಹೊರಡಿ. ಗೊನೆ ಬೇಡ, ಒಂದು ಚಿಪ್ಪು ಬಾಳೆಕಾಯಿ ಸಾಕು. ಗಾಳಿ ಎಲ್ಲಿದೆಯೆಂದು ಉಪಗ್ರಹ ಹೇಳುತ್ತದೆ, ಇಂಗು ಎಲ್ಲಿದೆಯೆಂದು ನೀವೇ ನೆನಪಿಟ್ಟುಕೊಳ್ಳಿ. ಪಾಳಿಯನ್ನಂತೂ ತಪ್ಪದೆ ಹಾಕಿಕೊಳ್ಳಿ. ದೋಣಿ ಇಲ್ಲದವರೂ ಹಾಕಿಕೊಳ್ಳಬಹುದು. ಒಬ್ಬರು ಎದ್ದಿರುವಾಗ ಇನ್ನೊಬ್ಬರು ಮಲಗಿರುವ ಮನೆಯಲ್ಲಿ ಜಗಳಕ್ಕೆ ಸಮಯ ಸಾಲುವುದಿಲ್ಲ.